ದೊಡ್ಡ ನಗರಕ್ಕೆ ಒಬ್ಬರೇ ಹೊರಟಿದ್ದೀರಾ? ಮೊದಲ ಆರು ತಿಂಗಳು ಹೀಗೆ ಸಾಗಲಿ

ಕೆಲಸವೋ ಓದೋ, ಯಾವುದೋ ಕಾರಣಕ್ಕೆ ದೊಡ್ಡ ನಗರಕ್ಕೆ ಹೊರಟಿದ್ದೀರಿ. ಒಬ್ಬರೇ. ಅಲ್ಲಿ ಪರಿಚಯದವರು ಯಾರೂ ಇಲ್ಲ. ಇಂಥ ಹೊತ್ತಿನಲ್ಲಿ ಸುತ್ತಲಿನವರು ಹೇಳುವುದೆಲ್ಲ ಮನೆ, ಸಾಮಾನು, ದುಡ್ಡಿನ ಬಗ್ಗೆಯೇ. ಅವೆಲ್ಲ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂಟಿಯಾಗಿ ಹೋದವರನ್ನು ಜಾಸ್ತಿ ಕಾಡುವ ಕಷ್ಟ ಬೇರೆಯೇ ಇದೆ. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆಯವರೆಗೆ ಯಾರ ಜೊತೆಗೂ ಒಂದು ಮಾತಿಲ್ಲ. ಇದು ತಿಂಗಳುಗಟ್ಟಲೆ ನಡೆದರೆ ಎಂಥ ಒಳ್ಳೆಯ ಕೆಲಸವೂ ಬೇಡ ಅನಿಸುತ್ತದೆ.

ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ನಿರ್ಧಾರದಿಂದ ಜನರ ಜೊತೆ ಕಳೆಯಲು ನನಗೆ ಸಿಗುವ ಸಮಯ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ಮನೆ ಆರಿಸುವಾಗಲೂ ಈ ಪ್ರಶ್ನೆ ಕೈಹಿಡಿಯುತ್ತದೆ.

1. ಹೊರಡುವ ಮುಂಚೆ ಲೆಕ್ಕ, ಕಾಗದಪತ್ರ

ಮನೆಯ ಅಡ್ವಾನ್ಸ್ ಬಿಟ್ಟು ಕನಿಷ್ಠ ಮೂರು ತಿಂಗಳ ಖರ್ಚು ಕೈಯಲ್ಲಿರಲಿ. ಮೊದಲ ಸಂಬಳ ಸಾಮಾನ್ಯವಾಗಿ ತಿಂಗಳು ದುಡಿದ ಮೇಲೆಯೇ ಬರುತ್ತದೆ. ಖರ್ಚು ಮಾತ್ರ ಇಳಿದ ದಿನದಿಂದಲೇ ಶುರು. ಹಾಸಿಗೆ, ಬಕೆಟ್, ಪಾತ್ರೆ, ಪರದೆ, ಬೀಗ ಎಂದು ಒಮ್ಮೆ ಮಾತ್ರ ಬರುವ ಖರ್ಚುಗಳನ್ನು ಎಲ್ಲರೂ ಮರೆಯುತ್ತಾರೆ. ಅವುಗಳಿಗೆ ಬೇರೆ ಪಟ್ಟಿ ಮಾಡಿ.

ಆದಾಯದ ಶೇ 30ಕ್ಕಿಂತ ಹೆಚ್ಚು ಬಾಡಿಗೆಗೆ ಹೋಗಬಾರದು ಎಂಬ ಮಾತು ಕೇಳಿರಬಹುದು. ಇದು ಬಂದದ್ದು ಅಮೆರಿಕದ ಸರ್ಕಾರಿ ವಸತಿ ನಿಯಮದಿಂದ. 1969ರಲ್ಲಿ ಅಲ್ಲಿ ಬಡವರ ಬಾಡಿಗೆಗೆ ಆದಾಯದ ಶೇ 25ರ ಮಿತಿ ಹಾಕಿದರು, 1981ರಲ್ಲಿ ಅದನ್ನು ಶೇ 30ಕ್ಕೆ ಏರಿಸಿದರು. ಅಂದರೆ ಇದು ಒಂದು ಸರ್ಕಾರ ತನ್ನ ಯೋಜನೆಗೆ ಹಾಕಿಕೊಂಡ ಗೆರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ದೊಡ್ಡ ನಗರದಲ್ಲಿ ಇದನ್ನು ಪಾಲಿಸುವುದು ಎಷ್ಟೋ ಸಲ ಆಗುವುದೇ ಇಲ್ಲ. ಬಾಡಿಗೆ ಮತ್ತು ಓಡಾಟದ ಖರ್ಚು ಎರಡನ್ನೂ ಕೂಡಿಸಿ ನೋಡುವುದು ಒಳ್ಳೆಯದು. ದೂರದ ಅಗ್ಗದ ಮನೆ ಆಗ ಅಷ್ಟೇನೂ ಅಗ್ಗವಾಗಿ ಕಾಣುವುದಿಲ್ಲ.

ಗುರುತಿನ ಚೀಟಿ, ಅಂಕಪಟ್ಟಿ, ಕೆಲಸದ ಪತ್ರ ಇವುಗಳ ಒಂದು ಪ್ರತಿ ಮೊಬೈಲಿನಲ್ಲಿ, ಇನ್ನೊಂದು ಮನೆಯವರ ಹತ್ತಿರ ಇರಲಿ. ದಿನವೂ ತೆಗೆದುಕೊಳ್ಳುವ ಔಷಧಿ ಇದ್ದರೆ ಒಂದು ತಿಂಗಳಿಗಾಗುವಷ್ಟು ಮತ್ತು ವೈದ್ಯರ ಚೀಟಿ ಜೊತೆಗಿರಲಿ.

2. ದೂರದಲ್ಲಿ ಕುಳಿತು ಮನೆ ಗೊತ್ತು ಮಾಡಬೇಡಿ

ಮೊದಲ ಎರಡರಿಂದ ನಾಲ್ಕು ವಾರಕ್ಕೆ ಹಾಸ್ಟೆಲ್ಲೋ, ಹಂಚಿಕೊಂಡ ಕೋಣೆಯೋ ಸಾಕು. ಸ್ವಲ್ಪ ದುಡ್ಡು ಜಾಸ್ತಿ ಹೋಗಬಹುದು. ಹೋಗಲಿ. ನೋಡದ ಬಡಾವಣೆಯಲ್ಲಿ ವರ್ಷದ ಕರಾರು ಮಾಡಿಕೊಂಡು ಒದ್ದಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಬಾಡಿಗೆ ಮೋಸದ ದಾರಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಫೋಟೋ ಚೆನ್ನಾಗಿರುತ್ತದೆ. ಬಾಡಿಗೆ ಸುತ್ತಮುತ್ತಲಿಗಿಂತ ತುಂಬಾ ಕಡಿಮೆ. ಮಾಲೀಕರು ಬೇರೆ ದೇಶದಲ್ಲಿರುತ್ತಾರಂತೆ. ಇನ್ನೊಬ್ಬರು ಈಗಲೇ ದುಡ್ಡು ಕಟ್ಟಲು ಸಿದ್ಧರಿದ್ದಾರಂತೆ, ನೀವು ಇವತ್ತೇ ಕಳಿಸಿದರೆ ಮನೆ ನಿಮಗಂತೆ. ಕಣ್ಣಾರೆ ಮನೆ ನೋಡದೆ, ಕೊಡುವವರು ಮಾಲೀಕರೇ ಎಂದು ಖಾತ್ರಿಯಾಗದೆ, ಒಂದು ರೂಪಾಯಿಯನ್ನೂ ಕಳಿಸಬೇಡಿ. ಅವಸರ ಮಾಡಿದಷ್ಟೂ ಅನುಮಾನಪಡಿ.

3. ದೊಡ್ಡ ಮನೆಗಿಂತ ಹತ್ತಿರದ ಮನೆ

ಹೊಸಬರು ಹೆಚ್ಚು ಎಡವುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಅದೇ ಬಾಡಿಗೆಗೆ ದೂರದಲ್ಲಿ ಎರಡು ಕೋಣೆ ಸಿಗುತ್ತದೆ, ಬಾಲ್ಕನಿಯೂ ಇದೆ. ಮನಸ್ಸು ಅತ್ತ ವಾಲುತ್ತದೆ. ದಿನಕ್ಕೆ ಹೋಗಿ ಬರಲು ಮೂರು ಗಂಟೆ ಎಂಬುದು ಮನೆ ನೋಡುವ ದಿನ ದೊಡ್ಡದಾಗಿ ಕಾಣುವುದಿಲ್ಲ.

ಇಟಲಿಯ ಚೆಸಾರೆ ಮಾರ್ಕೆಟ್ಟಿ ಎಂಬ ವಿಜ್ಞಾನಿ 1994ರಲ್ಲಿ ಒಂದು ಕುತೂಹಲದ ಸಂಗತಿ ಮುಂದಿಟ್ಟರು. ವಾಹನಗಳು ಎಷ್ಟೇ ವೇಗವಾದರೂ ಜನ ಓಡಾಟಕ್ಕೆ ಕೊಡುವ ಸಮಯ ಸರಾಸರಿ ದಿನಕ್ಕೆ ಒಂದು ಗಂಟೆಯ ಆಸುಪಾಸಿನಲ್ಲೇ ಇರುತ್ತದೆ ಎಂಬುದು ಅವರ ವಾದ. ಇನ್ನು ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಮಾಹಿತಿ ಹಿಡಿದು ಲೆಕ್ಕ ಹಾಕಿದಾಗ, ಕೆಲಸಕ್ಕೆ ಹೆಚ್ಚು ಹೊತ್ತು ಪ್ರಯಾಣ ಮಾಡುವವರು ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡದ್ದು ಕಂಡಿತು. ಅಗ್ಗದ ಬಾಡಿಗೆಯೋ ಹೆಚ್ಚಿನ ಸಂಬಳವೋ ಆ ಕೊರತೆಯನ್ನು ಪೂರ್ತಿ ತುಂಬಿರಲಿಲ್ಲ.

ನೀವು ಒಬ್ಬರೇ ಇರುವಾಗ ಇದರ ಪೆಟ್ಟು ಇನ್ನೂ ಜಾಸ್ತಿ. ರಾತ್ರಿ ಒಂಬತ್ತಕ್ಕೆ ಬಸ್ಸಿಳಿದವರು ಯಾರನ್ನು ಭೇಟಿಯಾಗಲು ಹೋಗುತ್ತಾರೆ? ಸಂಜೆಗಳೆಲ್ಲ ರಸ್ತೆಯಲ್ಲೇ ಕಳೆದರೆ ಸ್ನೇಹಕ್ಕೆ ಉಳಿಯುವುದು ಭಾನುವಾರ ಮಾತ್ರ. ಆ ದಿನ ಬಟ್ಟೆ ಒಗೆಯಬೇಕಿರುತ್ತದೆ, ಅಲ್ವಾ? ಆದ್ದರಿಂದ ಒಂದೇ ಕೋಣೆಯಾದರೂ ಹತ್ತಿರದ್ದನ್ನು ಹಿಡಿಯಿರಿ. ಒಪ್ಪಿಕೊಳ್ಳುವ ಮುಂಚೆ ವಾರದ ದಿನ, ಕಚೇರಿ ಸಮಯದಲ್ಲಿ ಒಮ್ಮೆ ಆ ದಾರಿಯಲ್ಲಿ ಹೋಗಿ ನೋಡಿ. ಭಾನುವಾರ ಮಧ್ಯಾಹ್ನ ಮ್ಯಾಪಿನಲ್ಲಿ ಕಾಣುವ ನಿಮಿಷಗಳನ್ನು ನಂಬಬೇಡಿ.

4. ಮನೆ ನೋಡುವಾಗ

ಹಗಲು ಒಮ್ಮೆ, ಕತ್ತಲಾದ ಮೇಲೆ ಇನ್ನೊಮ್ಮೆ ಹೋಗಿ. ಬೀದಿ ದೀಪ, ಓಡಾಡುವ ಜನ, ಗದ್ದಲ ಎಲ್ಲ ರಾತ್ರಿಯೇ ಗೊತ್ತಾಗುವುದು. ಎಲ್ಲ ನಲ್ಲಿ ತಿರುಗಿಸಿ. ಒಳಗೆ ಮೊಬೈಲ್ ಸಿಗ್ನಲ್ ಬರುತ್ತದೆಯಾ ನೋಡಿ. ಗೋಡೆಯ ಕೆಳಭಾಗದಲ್ಲಿ, ಬೀರುವಿನ ಹಿಂದೆ ತೇವದ ಕಲೆ ಇದೆಯಾ ನೋಡಿ. ಹೊಸ ಬಣ್ಣ ಬಳಿದಿದ್ದರೆ ಇನ್ನೂ ಹತ್ತಿರದಿಂದ ನೋಡಿ. ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ ಇರಬೇಕು. ಪಕ್ಕದ ಮನೆಯವರು ಸಿಕ್ಕರೆ ನೀರು, ವಿದ್ಯುತ್ ಹೇಗೆ ಎಂದು ಕೇಳಿ. ಮಾಲೀಕರು ಹೇಳದ್ದನ್ನು ಅವರು ಹೇಳುತ್ತಾರೆ.

ಒಂದು ವಿಷಯ ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಆ ಮನೆ ಬೇಡ, ಇಲ್ಲವೇ ಗೀಸರನ್ನು ಹೊರಗೆ ಹಾಕಿಸಿ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಒಬ್ಬರೇ ಇರುವ ಮನೆಯಲ್ಲಿ ಬಾಗಿಲು ತಟ್ಟಿ ಕೇಳುವವರು ಯಾರೂ ಇರುವುದಿಲ್ಲ.

ಕರಾರು ಪತ್ರವನ್ನು ಪೂರ್ತಿ ಓದಿ. ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಯಾವುದಕ್ಕೆ ಮುರಿದುಕೊಳ್ಳುತ್ತಾರೆ, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಕೆಟ್ಟದ್ದನ್ನು ಯಾರು ಸರಿ ಮಾಡಿಸಬೇಕು ಎಂಬ ನಾಲ್ಕು ಸಂಗತಿ ಬರಹದಲ್ಲಿರಲಿ. ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ಪ್ರತಿ ಕೋಣೆಯ ವಿಡಿಯೋ ಮಾಡಿ, ಮೀಟರಿನ ಫೋಟೋ ತೆಗೆದು, ಅದೇ ದಿನ ಮಾಲೀಕರಿಗೆ ಕಳಿಸಿ.

5. ಮೊದಲ ವಾರ

ಮೊದಲ ರಾತ್ರಿ ನಿದ್ದೆ ಬರದಿದ್ದರೆ ಗಾಬರಿಯಾಗಬೇಡಿ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡಂತೆ, ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಒಂದು ಭಾಗ ಇನ್ನೊಂದರಷ್ಟು ಆಳವಾಗಿ ಮಲಗುವುದಿಲ್ಲ. ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ. ಕೆಲಸಕ್ಕೆ ಸೇರುವ ಹಿಂದಿನ ದಿನವೇ ಊರು ತಲುಪಬೇಡಿ, ಎರಡು ಮೂರು ದಿನ ಮುಂಚೆ ಹೋಗಿ.

ಆ ದಿನಗಳಲ್ಲಿ ಹತ್ತಿರದ ಆಸ್ಪತ್ರೆ, ಔಷಧಿ ಅಂಗಡಿ, ಪೊಲೀಸ್ ಠಾಣೆ ಎಲ್ಲಿವೆ ಎಂದು ನಡೆದೇ ನೋಡಿಕೊಳ್ಳಿ. ಭಾರತದಲ್ಲೂ ಯುರೋಪಿನ ದೇಶಗಳಲ್ಲೂ ತುರ್ತು ಸಹಾಯದ ಸಂಖ್ಯೆ 112. ಮೊಬೈಲಿನಲ್ಲಿ ತುರ್ತು ಸಂಪರ್ಕ ಮತ್ತು ರಕ್ತದ ಗುಂಪು ಹಾಕಿಡಿ. ಲಾಕ್ ಆಗಿದ್ದರೂ ಅದನ್ನು ಬೇರೆಯವರು ನೋಡಲು ಬರುತ್ತದೆ. ಒಂದು ಬದಲಿ ಕೀಲಿಕೈ ಕೊಟ್ಟಿಡಲು ನಂಬುವ ಒಬ್ಬರು ಸಿಗುವವರೆಗೆ ಅದನ್ನು ಕಚೇರಿಯ ಡ್ರಾಯರಿನಲ್ಲಿಡಿ.

6. ಮುಖಪರಿಚಯದಿಂದ ಶುರು ಮಾಡಿ

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಮಿಲ್‌ಗ್ರಾಮ್ 1972ರಲ್ಲಿ ರೈಲು ನಿಲ್ದಾಣಗಳಲ್ಲಿ ನಡೆದ ಒಂದು ಅಧ್ಯಯನದ ಬಗ್ಗೆ ಬರೆದರು. ಬೆಳಿಗ್ಗೆ ರೈಲಿಗೆ ಕಾಯುವವರ ಫೋಟೋ ತೆಗೆದು, ಅದನ್ನು ಅದೇ ನಿಲ್ದಾಣದ ಪ್ರಯಾಣಿಕರಿಗೆ ಕೊಟ್ಟು, ಯಾರ್‍ಯಾರು ಗೊತ್ತು ಎಂದು ಕೇಳಲಾಗಿತ್ತು. ಸರಾಸರಿ ನಾಲ್ಕು ಜನರ ಮುಖ ಅವರಿಗೆ ಗೊತ್ತಿತ್ತು. ಆದರೆ ಆ ನಾಲ್ವರ ಜೊತೆ ಎಂದೂ ಮಾತಾಡಿರಲಿಲ್ಲ.

ನಗರ ಅಂದರೆ ಬರೀ ಅಪರಿಚಿತರು ಎಂದುಕೊಂಡಿರುತ್ತೇವೆ. ನಿಜವಾಗಿ ಅಲ್ಲಿ ಮುಖ ಗೊತ್ತು, ಹೆಸರು ಗೊತ್ತಿಲ್ಲ ಎನ್ನುವ ಜನ ಬೇಕಾದಷ್ಟು ಇರುತ್ತಾರೆ. ನೀವು ಮಾಡಬೇಕಾದ್ದು ಇಷ್ಟೇ: ಅದೇ ಹೊತ್ತಿಗೆ, ಅದೇ ಜಾಗಕ್ಕೆ, ಮತ್ತೆ ಮತ್ತೆ ಹೋಗಿ. ಒಂದೇ ಅಂಗಡಿ, ಒಂದೇ ಪಾರ್ಕು, ಒಂದೇ ಗ್ರಂಥಾಲಯ. ಎಲ್ಲವನ್ನೂ ಮೊಬೈಲಿನಲ್ಲೇ ತರಿಸಿಕೊಂಡರೆ ಈ ಪರಿಚಯ ಹುಟ್ಟುವುದೇ ಇಲ್ಲ. ಎರಡು ವಾರ ಕಳೆದ ಮೇಲೆ ಒಂದು ನಗು, ಆಮೇಲೆ ಒಂದು ಮಾತು. ಹೆಸರು ಹೇಳಿಕೊಳ್ಳಿ, ಅವರ ಹೆಸರು ಕೇಳಿ. ಎರಡು ದಿನ ನೀವು ಕಾಣದಿದ್ದರೆ ‘ಯಾಕೆ ಬರಲಿಲ್ಲ?’ ಎಂದು ಕೇಳುವ ಒಬ್ಬರಾದರೂ ಇದ್ದರೆ ಒಂಟಿಯಾಗಿರುವವರಿಗೆ ಅದೇ ದೊಡ್ಡ ಭದ್ರತೆ.

ಈ ಸಣ್ಣ ಪರಿಚಯಗಳಿಂದ ಇನ್ನೊಂದು ಲಾಭವಿದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದಂತೆ, ಹೊಸ ಕೆಲಸದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ಅಷ್ಟಕ್ಕಷ್ಟೇ ಪರಿಚಯದವರಿಂದ ಬರುತ್ತದೆ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಖಾಲಿ ಮನೆ, ಒಳ್ಳೆಯ ವೈದ್ಯರು, ಹಂಚಿಕೊಂಡು ಇರಲು ಜೊತೆಗಾರರು, ಇವೂ ಹೀಗೇ ಸಿಗುತ್ತವೆ.

7. ಸ್ನೇಹಕ್ಕೆ ಗಂಟೆಗಳನ್ನು ಕೊಡಿ

ಇದೇ ಅತಿ ದೊಡ್ಡ ಹೆಜ್ಜೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಬೇರೆ ಊರಿಗೆ ಬಂದು ಸ್ನೇಹಿತರನ್ನು ಹುಡುಕುತ್ತಿದ್ದವರನ್ನೇ ಕೇಳಿದ್ದರು. ಬರೀ ಪರಿಚಯ ಸ್ವಲ್ಪ ಸಲಿಗೆಗೆ ತಿರುಗಲು ಸುಮಾರು 50 ಗಂಟೆ ಜೊತೆಯಲ್ಲಿ ಕಳೆಯಬೇಕಾಯಿತು. ಸ್ನೇಹ ಎನ್ನಲು ಸುಮಾರು 90 ಗಂಟೆ. ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು. ಕೆಲಸದಲ್ಲಿ ಅಕ್ಕಪಕ್ಕ ಕುಳಿತ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಜೊತೆಗೆ ತಿಂದದ್ದು, ಆಡಿದ್ದು, ಸುಮ್ನೆ ಹರಟಿದ್ದು ಬಂತು.

ಈ ಅಂಕಿಗಳನ್ನು ನೋಡಿ ಹೆದರಬೇಡಿ. ನನಗಂತೂ ಇವು ಸಮಾಧಾನ ಕೊಡುತ್ತವೆ. ಎರಡು ತಿಂಗಳಾದರೂ ಯಾರೂ ಹತ್ತಿರವಾಗಿಲ್ಲ ಎಂದರೆ ನಿಮ್ಮ ಸ್ವಭಾವದಲ್ಲಿ ದೋಷವಿದೆ ಎಂದಲ್ಲ, ಗಂಟೆಗಳು ಇನ್ನೂ ಸೇರಿಲ್ಲ ಅಷ್ಟೇ. ವಾರಕ್ಕೆ ಮೂರು ಗಂಟೆ ಒಟ್ಟಿಗೆ ಕಳೆದರೆ 50 ಗಂಟೆಗೆ ನಾಲ್ಕು ತಿಂಗಳು ಬೇಕು.

ಹಾಗಾಗಿ ಒಂದು ದಿನದ ಕಾರ್ಯಕ್ರಮಗಳಿಗಿಂತ ವಾರವಾರ ಅದೇ ಜನ ಸೇರುವಂಥದ್ದನ್ನು ಆರಿಸಿ. ಭಾಷೆ ಕಲಿಯುವ ತರಗತಿ, ಆಟದ ತಂಡ, ನಾಟಕದ ಗುಂಪು, ಓಟದ ಗುಂಪು, ಸ್ವಯಂಸೇವೆ, ಯಾವುದಾದರೂ ಸರಿ. ಮೂರು ನಾಲ್ಕು ವಾರ ಬಿಡದೆ ಹೋಗಿ, ಆಮೇಲೆ ಬೇಕೋ ಬೇಡವೋ ನಿರ್ಧರಿಸಿ. ಮೊದಲ ದಿನ ಎಲ್ಲರಿಗೂ ಮುಜುಗರವೇ.

ಕರೆಯುವ ಕೆಲಸ ನಿಮ್ಮದು. ‘ಯಾವಾಗಾದ್ರೂ ಸಿಗೋಣ’ ಎಂದರೆ ಆ ದಿನ ಬರುವುದಿಲ್ಲ. ‘ಶನಿವಾರ ಸಂಜೆ ಐದಕ್ಕೆ ವಾಕಿಂಗ್ ಹೊರಟಿದ್ದೀನಿ, ಬರ್ತೀರಾ?’ ಎಂದು ಕೇಳಿ. ಬರಲ್ಲ ಎಂದರೆ ಇನ್ನೊಂದು ವಾರ ಬಿಟ್ಟು ಮತ್ತೆ ಕೇಳಿ. ಹೊಸ ಪರಿಚಯದವರನ್ನು ಮೊದಲ ಕೆಲವು ಸಲ ಜನ ಓಡಾಡುವ ಜಾಗದಲ್ಲೇ ಭೇಟಿಯಾಗಿ, ಎಲ್ಲಿದ್ದೀರಿ ಎಂದು ಒಬ್ಬರಿಗೆ ತಿಳಿಸಿರಿ.

8. ಮನೆ ನೆನಪಾದಾಗ

ಮನೆಗೆ ಫೋನ್ ಮಾಡಲು ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಪ್ರತಿ ಸಂಜೆಯೂ ಹಳೆಯ ಊರಿನ ಫೋನಿನಲ್ಲೇ ಮುಗಿದರೆ ಹೊಸ ಊರಿಗೆ ಸಂಜೆಯೇ ಉಳಿಯುವುದಿಲ್ಲ. ಬೇಜಾರಾಗಿದ್ದರೆ ಬೇಜಾರಾಗಿದೆ ಎಂದೇ ಹೇಳಿ. ಎಲ್ಲ ಚೆನ್ನಾಗಿದೆ ಎಂದು ನಟಿಸುವುದು ಇನ್ನೊಂದು ಭಾರ.

ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1960ರಲ್ಲಿ ಬರೆದಂತೆ, ಹೊಸ ನಾಡಿಗೆ ಹೋದವರಿಗೆ ಮೊದಲು ಎಲ್ಲವೂ ಚೆಂದ ಕಾಣುತ್ತದೆ, ನಂತರ ಎಲ್ಲದರ ಮೇಲೂ ಸಿಟ್ಟು ಬರುತ್ತದೆ, ಆಮೇಲೆ ನಿಧಾನವಾಗಿ ಒಗ್ಗುತ್ತದೆ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗಬೇಕೆಂದಿಲ್ಲ. ಆದರೆ ಸಿಟ್ಟಿನ ದಿನಗಳಲ್ಲಿ ರಾಜೀನಾಮೆ ಬರೆಯಬೇಡಿ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಹೋದರೆ ಅದು ಬರೀ ಮನೆಯ ನೆನಪಲ್ಲ, ವೈದ್ಯರನ್ನು ಕಾಣಿ.

9. ಆರನೇ ತಿಂಗಳು

ಒಂದು ದಿನ ಕುಳಿತು ನೋಡಿಕೊಳ್ಳಿ. ಜ್ವರ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ? ಹೆಸರು ಥಟ್ಟನೆ ಹೊಳೆದರೆ ಮುಂದುವರಿಯಿರಿ. ಹೊಳೆಯದಿದ್ದರೆ ಕೆಲಸ ಬಿಡುವ ಮುಂಚೆ ಮನೆ ಬದಲಿಸಿ ನೋಡಿ, ಹಂಚಿಕೊಂಡು ಇರುವ ಮನೆಗೆ ಹೋಗಿ ನೋಡಿ. ಅದೂ ಆಗದೆ ವಾಪಸ್ ಹೋಗಬೇಕೆನಿಸಿದರೆ ಹೋಗಿ, ಅದರಲ್ಲಿ ತಪ್ಪೇನಿಲ್ಲ.

ಇದ್ದರೂ ಹೋದರೂ ಈ ಮನೆ ಬಿಡುವಾಗ ನೋಟಿಸ್ ಬರಹದಲ್ಲೇ ಕೊಡಿ, ಮೆಸೇಜ್ ಆದರೂ ಸರಿ. ಮನೆ ಖಾಲಿ ಮಾಡಿದ ಮೇಲೆ ಮತ್ತೆ ವಿಡಿಯೋ ಮಾಡಿ. ಮೀಟರಿನ ಫೋಟೋ ತೆಗೆಯಿರಿ. ಬ್ಯಾಂಕಿನಲ್ಲಿ ವಿಳಾಸ ಬದಲಿಸಿ. ಅಡ್ವಾನ್ಸ್ ಪೂರ್ತಿ ಕೈಸೇರುವವರೆಗೆ ಕರಾರು ಪತ್ರವನ್ನೂ ಮೊದಲ ದಿನದ ವಿಡಿಯೋವನ್ನೂ ಜೋಪಾನವಾಗಿಡಿ.