ಮಳೆ, ಚಳಿ, ಬೇಸಿಗೆ ಮತ್ತು ನನ್ನ ಇಬಾದತ್

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಒಂದಿಷ್ಟು ಅಡಿಕೆ ತೋಟ, ಅದರ ಕೆಳಗೆ ಮಳೆ ನಂಬಿದ ಗದ್ದೆ. ಸುತ್ತಮುತ್ತಲಿನವರ ಹಬ್ಬಗಳಿಗೆ ಒಂದೊಂದು ಕಾಲ ಇದೆ. ಮಾವು ಚಿಗುರುವಾಗ ಯುಗಾದಿ, ಗದ್ದೆಯಲ್ಲಿ ಪೈರು ತುಂಬಿಕೊಳ್ಳುವಾಗ ಭೂಮಿ ಹುಣ್ಣಿಮೆ. ನಮ್ಮ ರಂಜಾನ್ ಹಾಗಲ್ಲ. ಚಂದ್ರನ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಅದು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆಯೇ ಬರುತ್ತದೆ. ಎಲ್ಲ ಕಾಲಗಳನ್ನೂ ಒಂದು ಸುತ್ತು ಹಾಕಲು 33 ವರ್ಷ ಬೇಕು. ಹುಡುಗನಾಗಿದ್ದಾಗ, 2000ನೇ ಇಸವಿಯಲ್ಲಿ, ನಾನು ರೋಜಾ (ಉಪವಾಸ) ಹಿಡಿದದ್ದು ಡಿಸೆಂಬರ್ ಚಳಿಯಲ್ಲಿ. ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ಜೋರಾಗಿತ್ತು. 2016ರಲ್ಲಿ ಅದೇ ರಂಜಾನ್ ಜೂನ್ ಮಳೆಯಲ್ಲಿ ಬಂತು. 2030ರಲ್ಲಂತೂ ಜನವರಿಯಲ್ಲಿ ಒಂದು, ಡಿಸೆಂಬರ್ ಕೊನೆಗೆ ಇನ್ನೊಂದು ರಂಜಾನ್ ಶುರುವಾಗಬೇಕು.

ಹಾಗಾದರೆ ನಮ್ಮ ಇಬಾದತ್‌ಗೂ (ಆರಾಧನೆಗೂ) ಕಾಲಕ್ಕೂ ಸಂಬಂಧವೇ ಇಲ್ವಾ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ನೋಡುತ್ತಾ ಹೋದರೆ ಸಂಬಂಧ ಬೇಕಾದಷ್ಟಿದೆ. ತಿಂಗಳು ಚಂದ್ರನದ್ದು, ಆದರೆ ಐದು ಹೊತ್ತಿನ ನಮಾಜು ಸೂರ್ಯನದ್ದು. ಇಬ್ಬರೂ ಒಂದು ಲೆಕ್ಕದಲ್ಲಿ ನಡೆಯುತ್ತಾರೆ ಅಂತ ಕುರ್‌ಆನ್‌ನ ರಹ್ಮಾನ್ ಅಧ್ಯಾಯ ಹೇಳುತ್ತದೆ. ಆ ಲೆಕ್ಕವನ್ನು ಮೊಬೈಲಿನಲ್ಲಿ ನೋಡುವ ಬದಲು ಅಂಗಳದಲ್ಲಿ ನಿಂತು ನೋಡಲು ಶುರು ಮಾಡಿದೆ. ನನ್ನ ಅಭ್ಯಾಸ ಅಲ್ಲಿಂದ ಬೆಳೆಯಿತು.

ನಮ್ಮಲ್ಲಿ ನವೆಂಬರ್ ಕೊನೆಗೆ ಸಂಜೆ 6ಕ್ಕೆಲ್ಲ ಮಗ್ರಿಬ್ (ಸೂರ್ಯ ಮುಳುಗಿದ ಮೇಲಿನ ನಮಾಜು) ಆಗುತ್ತದೆ. ಜುಲೈನಲ್ಲಿ 7ರ ಹತ್ತಿರ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ನನಗೆ ಪಾಠ ಕಲಿಸಿದ್ದು ಅಡಿಕೆ ಚಪ್ಪರದ ಒಂದು ಕಂಬ. ಮಧ್ಯಾಹ್ನದ ನಮಾಜು ಜುಹರ್‌ನ ಹೊತ್ತು ಶುರುವಾಗುವುದು ಸೂರ್ಯ ನೆತ್ತಿ ದಾಟಿದ ಮೇಲೆ. ಅದರ ಮುಂದಿನ ನಮಾಜು ಅಸರ್‌ನ ಹೊತ್ತು ಗೊತ್ತಾಗುವುದು ನೆರಳಿನ ಉದ್ದದಿಂದ. ಡಿಸೆಂಬರ್ ಮಧ್ಯಾಹ್ನ ಆ ಕಂಬದ ನೆರಳು ಉತ್ತರಕ್ಕೆ ಉದ್ದಕ್ಕೆ ಬಿದ್ದಿರುತ್ತದೆ. ಫೆಬ್ರವರಿ, ಮಾರ್ಚ್ ಅಂತ ದಿನದಿನಕ್ಕೂ ಗಿಡ್ಡವಾಗುತ್ತದೆ. ಏಪ್ರಿಲ್ ಕೊನೆಯ ವಾರ ಒಂದು ದಿನ ನೆರಳು ಕಂಬದ ಬುಡದಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ತಿರುಗುತ್ತದೆ. ಆಗಸ್ಟ್ ಮಧ್ಯದಲ್ಲಿ ಮತ್ತೆ ಬುಡಕ್ಕೆ ಬರುತ್ತದೆ, ಆದರೆ ಆಗ ನಮ್ಮ ಕಡೆ ಮೋಡ ಬಿಟ್ಟರೆ ತಾನೆ! ಆ ಬುಡಕ್ಕೆ ಬಂದ ನೆರಳನ್ನು ನೋಡಿ, ಅದು ಸರಿಯತೊಡಗಿದ ಮೇಲೆ ಜುಹರ್‌ಗೆ ನಿಂತರೆ, ನನ್ನ ಸಜ್ದಾ (ಹಣೆ ನೆಲಕ್ಕಿಡುವುದು) ಆಕಾಶದ ನಡೆಗೆ ಸೇರಿಕೊಂಡ ಹಾಗೆ ಅನ್ನಿಸುತ್ತದೆ. ಗಡಿಯಾರ ನೋಡಿ ನಿಂತಾಗ ಹಾಗೆ ಅನ್ನಿಸಿದ್ದಿಲ್ಲ.

ಬೇಸಿಗೆಯಲ್ಲಿ ನನ್ನ ಗಮನವೆಲ್ಲ ಬಾವಿ ಮೇಲೆ. ಇಷ್ಟು ಮಳೆ ಬೀಳುವ ಊರಲ್ಲೂ ಏಪ್ರಿಲ್‌ಗೆ ಹಗ್ಗ ಉದ್ದ ಬೇಕಾಗುತ್ತದೆ. ನಿಮ್ಮ ನೀರು ನೆಲದೊಳಗೆ ಇಂಗಿಹೋದರೆ ಹರಿಯುವ ನೀರನ್ನು ನಿಮಗೆ ತಂದುಕೊಡುವವರು ಯಾರು? ಕುರ್‌ಆನ್‌ನ ಮುಲ್ಕ್ ಅಧ್ಯಾಯದ ಕೊನೆಯ ಮಾತು ಇದು. ರಾತ್ರಿ ಮಲಗುವ ಮುಂಚೆ ಆ ಅಧ್ಯಾಯ ಓದುವ ರೂಢಿ ನಮ್ಮ ಮನೆಯಲ್ಲಿ ಮೊದಲಿಂದಲೂ ಇದೆ. ಆದರೆ ಕೊಡ ಬಾವಿಯ ತಳದ ಕಲ್ಲಿಗೆ ಬಡಿದ ಸದ್ದು ಕೇಳಿದ ದಿನ ಅದನ್ನು ಓದುವುದೇ ಬೇರೆ. ಪ್ರವಾದಿ ಮುಹಮ್ಮದರು (ಸ) ಒಂದು ಮುದ್ದ್ ನೀರಿನಲ್ಲಿ ವುಜೂ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಮುಗಿಸುತ್ತಿದ್ದರು ಅಂತ ಹದೀಸ್ (ಅವರ ನಡೆನುಡಿಯ ವರದಿ) ಇದೆ. ಮುದ್ದ್ ಅಂದರೆ ಎರಡೂ ಕೈ ಸೇರಿಸಿದ ಒಂದು ಬೊಗಸೆಯಷ್ಟು, ಒಂದು ಲೀಟರಿಗಿಂತ ಕಡಿಮೆ. ಬೇಸಿಗೆ ಪೂರ್ತಿ ನಾನು ನಲ್ಲಿ ಬಿಟ್ಟು ಒಂದು ಸಣ್ಣ ಚೊಂಬು ಹಿಡಿಯುತ್ತೇನೆ. ಕೈ, ಬಾಯಿ, ಮೂಗು, ಮುಖ, ಮೊಣಕೈ, ತಲೆ, ಕಾಲು. ನಿಧಾನವಾಗಿ ಮಾಡಿದರೆ ಸಾಕಾಗುತ್ತದೆ. ಚೊಂಬಿನಲ್ಲಿ ಉಳಿದದ್ದು ಗಿಡದ ಬುಡಕ್ಕೆ.

ಇನ್ನು ಮಳೆಗಾಲ. ಮಲೆನಾಡಿನವನಿಗೆ ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಮಳೆ ಬಿದ್ದಾಗ ಪ್ರವಾದಿಯವರು ಮೈಮೇಲಿನ ಬಟ್ಟೆ ಸ್ವಲ್ಪ ಸರಿಸಿ ಹನಿ ಮೈಗೆ ತಾಗಲು ಬಿಟ್ಟರಂತೆ. ಯಾಕೆ ಅಂತ ಕೇಳಿದ್ದಕ್ಕೆ, ಇದು ಈಗಷ್ಟೇ ತನ್ನ ಒಡೆಯನ ಕಡೆಯಿಂದ ಬಂದದ್ದು ಎಂದರು. ಮೊದಲ ಮಳೆಗೆ ನಾನೂ ಹಾಗೇ ಮಾಡುತ್ತೇನೆ. ಟೋಪಿ ತೆಗೆದು, ತೋಳು ಮಡಚಿ, ಅಂಗಳಕ್ಕೆ ಇಳಿಯುತ್ತೇನೆ. "ಅಲ್ಲಾಹುಮ್ಮ ಸಯ್ಯಿಬನ್ ನಾಫಿಅನ್", ಅಲ್ಲಾಹನೇ, ಉಪಕಾರವಾಗುವ ಮಳೆ ಕೊಡು. ಮಕ್ಕಳೂ ಬಂದು ನಿಲ್ಲುತ್ತಾರೆ. ಅವರಿಗೆ ಈ ದುಆ (ಪ್ರಾರ್ಥನೆ) ಬಾಯಿಪಾಠ ಮಾಡಿಸಬೇಕಾಗಲೇ ಇಲ್ಲ.

ಆರಿದ್ರಾ, ಪುನರ್ವಸು ಹೊತ್ತಿಗೆ ದುಆ ಬದಲಾಗುತ್ತದೆ. ಮಳೆ ಬಿಡುವುದೇ ಇಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದಿದ್ದರೂ ಕೊಳೆ ರೋಗದ ಭಯ. ಬೆಳಿಗ್ಗೆ ತೋಟಕ್ಕೆ ಹೋದರೆ ಮರದ ಬುಡದಲ್ಲಿ ಹಸಿರು ಕಾಯಿ ಉದುರಿರುತ್ತವೆ. ತೊಟ್ಟಿನ ಹತ್ತಿರ ನೀರಲ್ಲಿ ನೆನೆದ ಹಾಗೆ ಕಪ್ಪು ಹಸಿರು ಕಲೆ. ಒಂದೆರಡು ದಿನದಲ್ಲಿ ಅದರ ಮೇಲೆ ಬೆಳ್ಳಗೆ ಬೂಸ್ಟು. ಇಂಥ ದಿನಗಳಿಗೂ ಒಂದು ದುಆ ಇದೆ. ಮದೀನಾದಲ್ಲಿ ಒಂದು ಜುಮಾ (ಶುಕ್ರವಾರ) ದಿನ ಒಬ್ಬ ಬಂದು, ಜಾನುವಾರು ಸಾಯುತ್ತಿವೆ, ಮಳೆಗೆ ಬೇಡಿಕೊಳ್ಳಿ ಎಂದ. ಪ್ರವಾದಿಯವರು ಬೇಡಿದರು. ಮಳೆ ಹಿಡಿದದ್ದು ಮುಂದಿನ ಜುಮಾ ತನಕ ಬಿಡಲಿಲ್ಲ. ಆಗ, ಇದನ್ನು ನಿಲ್ಲಿಸಲು ಬೇಡಿಕೊಳ್ಳಿ ಅನ್ನುವ ಮೊರೆ ಬಂತು. ಅವರು ಮಳೆ ನಿಲ್ಲಲಿ ಅನ್ನಲಿಲ್ಲ. "ನಮ್ಮ ಸುತ್ತ ಬೀಳಲಿ, ನಮ್ಮ ಮೇಲೆ ಬೇಡ. ಗುಡ್ಡಗಳ ಮೇಲೆ, ಕಣಿವೆಗಳಲ್ಲಿ, ಮರ ಬೆಳೆಯುವ ಕಡೆ ಬೀಳಲಿ" ಎಂದು ಬೇಡಿದರು.

ನಾವಿರುವುದೇ ಗುಡ್ಡ, ಕಣಿವೆ, ಮರಗಳ ನಡುವೆ ಅಲ್ವಾ? ಹಾಗಾದರೆ ಈ ದುಆದಲ್ಲಿ ನಾನು ಏನು ಕೇಳುತ್ತಿದ್ದೇನೆ ಅಂತ ಯೋಚಿಸಬೇಕಾಯಿತು. ಈಗ ನನಗೆ ಅನ್ನಿಸುವುದು ಇಷ್ಟು: ಈ ಮಳೆ ನಮ್ಮೊಬ್ಬರದ್ದಲ್ಲ. ಕಾಡಿಗೆ ಬೇಕು, ತುಂಗೆಗೆ ಬೇಕು, ಗಾಜನೂರು ಅಣೆಕಟ್ಟೆಯಿಂದ ಆಚೆ ನಾಲೆ ನೀರು ಕಾಯುವವರಿಗೂ ಬೇಕು. ನನ್ನ ಅಡಿಕೆ ಕೊಳೆಯುತ್ತದೆ ಅಂತ ಮಳೆಯೇ ನಿಲ್ಲಲಿ ಅನ್ನುವುದು ಸರಿಯಲ್ಲ. ಎಲ್ಲಿ ಉಪಕಾರವೋ ಅಲ್ಲಿಗೆ ಹೋಗಲಿ ಅಂತ ಕೇಳಬಹುದು. ಕೊಳೆ ಬಂದ ವರ್ಷ ಹೀಗೆ ಕೇಳುವುದು ಸುಲಭವಲ್ಲ. ಆದರೂ ಕೇಳುತ್ತೇನೆ.

ಚಳಿಗಾಲದ ರೋಜಾವನ್ನು ಹದೀಸ್‌ನಲ್ಲಿ ಸುಲಭವಾಗಿ ಸಿಗುವ ಸಂಪತ್ತು ಎಂದಿದ್ದಾರೆ. ಹಗಲು ಸಣ್ಣದು, ಬಾಯಾರಿಕೆ ಇಲ್ಲ. ಸೋಮವಾರ, ಗುರುವಾರದ ನಫಿಲ್ (ಕಡ್ಡಾಯವಲ್ಲದ) ರೋಜಾಗಳನ್ನು ನಾನು ಆಗಲೇ ಜಾಸ್ತಿ ಹಿಡಿಯುವುದು. ಬೆಳಗಿನ ಜಾವದ ಫಜರ್ ನಮಾಜಿಗೆ ಎದ್ದಾಗ ಇಬ್ಬನಿಯಲ್ಲಿ ಬಚ್ಚಲ ಹಂಡೆಯ ಬಿಸಿನೀರು ಸಿಕ್ಕಿದರೆ ಅದಕ್ಕೂ ಶುಕ್ರ್ (ಕೃತಜ್ಞತೆ).

ಚಳಿ ಜೊತೆಗೇ ಕೊಯ್ಲು ಬರುತ್ತದೆ. ಬೆಳೆ ಕೊಯ್ದ ದಿನವೇ ಅದರ ಹಕ್ಕನ್ನು ಕೊಡಿ ಅಂತ ಕುರ್‌ಆನ್ ಆಜ್ಞೆ. ಮಳೆಯಿಂದಲೇ ಬೆಳೆದದ್ದರಲ್ಲಿ ಹತ್ತನೇ ಒಂದು, ನಾವೇ ನೀರು ಹಾಯಿಸಿ ಬೆಳೆದದ್ದರಲ್ಲಿ ಇಪ್ಪತ್ತನೇ ಒಂದು. ಇದು ಉಶ್ರ್, ಬೆಳೆಯಲ್ಲಿ ದಾನಕ್ಕೆ ಕೊಡಲೇಬೇಕಾದ ಪಾಲು. ಗದ್ದೆಯದ್ದು ಸುಲಭ. ನನ್ನ ಅಬ್ಬಾ (ಅಪ್ಪ) ಕೊಳಗದಲ್ಲಿ ಅಳೆದು ಇಪ್ಪತ್ತು ಕೊಳಗದ ಖಂಡುಗಕ್ಕೆ ಎರಡು ಕೊಳಗ ಬೇರೆ ಇಡುತ್ತಿದ್ದರು. ನಾನು ಹತ್ತು ಚೀಲಕ್ಕೆ ಒಂದು ಚೀಲ ಇಡುತ್ತೇನೆ. ತೋಟದ್ದು ಹಾಗಲ್ಲ. ಆರು ತಿಂಗಳು ಮಳೆ ನೀರು, ಬೇಸಿಗೆಗೆ ಪಂಪು. ನಮ್ಮ ಮೌಲಾನಾರನ್ನು ಕೇಳಿದಾಗ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಲೆಕ್ಕ ಹಿಡಿ ಎಂದರು.

ಹಾಗಾಗಿ ಅಡಿಕೆ ಚಪ್ಪರದಲ್ಲಿ ಕೂತು ಪ್ರತಿ ವರ್ಷ ಇಡೀ ವರ್ಷವನ್ನು ನೆನಪು ಮಾಡಿಕೊಳ್ಳಬೇಕು. ರೋಹಿಣಿ ಮಳೆ ಬಂತಾ, ಹಸ್ತ ಕೈಕೊಟ್ಟಿತಾ, ಪಂಪು ಯಾವಾಗ ಹಾಕಿದೆ, ಯಾವಾಗ ನಿಲ್ಲಿಸಿದೆ. ಅಲ್ಲಾಹ್ ಎಷ್ಟು ಕೊಟ್ಟ, ನಾನು ಎಷ್ಟು ಎತ್ತಿ ಹಾಕಿದೆ. ಪಂಪು ಎತ್ತಿದ್ದೂ ಅವನು ಇಂಗಿಸಿಟ್ಟ ನೀರನ್ನೇ. ಲೆಕ್ಕ ಅತ್ತಿತ್ತ ಆಗಿ ಅನುಮಾನ ಬಂದ ವರ್ಷ ನಾನು ಹತ್ತನೇ ಒಂದನ್ನೇ ಎತ್ತಿಡುತ್ತೇನೆ.