ಎಟಿಆರ್ ಎಡ ಸೀಟಿನಿಂದ ಏರ್‌ಬಸ್ ಎಡ ಸೀಟಿಗೆ: ನಾನು ಹಿಡಿದ ಸುತ್ತುದಾರಿ

ಏರ್‌ಬಸ್ ಎ320 ಜೆಟ್‌ನ ಕಮಾಂಡ್‌ಗೆ, ಅಂದರೆ ಕ್ಯಾಪ್ಟನ್ ಕೂರುವ ಎಡ ಸೀಟಿಗೆ, ಕೊನೆಯ ಚೆಕ್ ಮೊನ್ನೆ ಮುಗಿಯಿತು. ಇನ್ನು ಧೈರ್ಯವಾಗಿ ಬರೆಯಬಹುದು. ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದಲ್ಲೇ ಕ್ಯಾಪ್ಟನ್ ಆಗಿ, ಆಮೇಲೆ ದೊಡ್ಡ ಕಂಪನಿಗೆ ಹೋಗುತ್ತೇನೆ ಅಂದಾಗ ನನ್ನ ಬ್ಯಾಚಿನಲ್ಲಿ ಒಬ್ಬನೂ ಸರಿ ಅನ್ನಲಿಲ್ಲ. "ಫ್ಯಾನ್ ವಿಮಾನದಲ್ಲಿ ಕೂತ್ರೆ ಅಲ್ಲೇ ಮುದುಕ ಆಗ್ತಿ ಮಾರಾಯ" ಅಂದರು. ಸಾವಿರ ಗಂಟೆ ಆದ ಕೂಡಲೇ ಜೆಟ್‌ಗೆ ಹಾರಬೇಕು, ಅಲ್ಲಿ ಕೋ-ಪೈಲಟ್‌ನ ಬಲ ಸೀಟಿನಲ್ಲಿ ಸರದಿ ಕಾಯಬೇಕು. ಇದೇ ಎಲ್ಲರ ಲೆಕ್ಕ. ನನ್ನ ಲೆಕ್ಕ ಬೇರೆ ಇತ್ತು. ಸ್ವಲ್ಪ ಭಾಗ ಅದೃಷ್ಟವೂ ಹೌದು.

ನನಗೆ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕೈಗೆ ಬಂದದ್ದು 2012ರಲ್ಲಿ. ಅದೇ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿತು. ಸಾವಿರಾರು ಗಂಟೆಯ ಅನುಭವ ಇದ್ದವರೇ ಕೆಲಸ ಹುಡುಕುವಾಗ ಇನ್ನೂರು ಗಂಟೆಯವನನ್ನು ಯಾರು ಕೇಳುತ್ತಾರೆ? ತರಬೇತಿಗೆ ಮೂವತ್ತು ಲಕ್ಷದ ಮೇಲೆ ಹೋಗಿತ್ತು. ಮೂಡುಬಿದಿರೆ ಹತ್ತಿರದ ಅಡಿಕೆ ತೋಟ ಬ್ಯಾಂಕಿನಲ್ಲಿ ಅಡವು. ಬಂದರಿನಲ್ಲಿ ಐಸ್ ಪ್ಲಾಂಟ್ ಇಟ್ಟುಕೊಂಡಿದ್ದ ಸೋದರಮಾವ, "ಇನ್ನೊಂದು ಹದಿನೈದು ಹದಿನೆಂಟು ಲಕ್ಷ ಹಾಕಿ ಎ320 ರೇಟಿಂಗ್ ಮಾಡಿಸಿಕೋ, ಅರ್ಧ ನಾನು ಕೊಡ್ತೇನೆ" ಅಂದರು. ರೇಟಿಂಗ್ ಅಂದರೆ ಆ ವಿಮಾನ ಹಾರಿಸುವ ಅರ್ಹತೆ. ಅಪ್ಪ ಒಪ್ಪಲಿಲ್ಲ. "ಅಡವಿಡಲಿಕ್ಕೆ ಇನ್ನೊಂದು ತೋಟ ಇಲ್ಲ" ಅಂದರು, ಅಷ್ಟೇ.

ಹಾಗೆ ರೇಟಿಂಗ್ ಕೊಂಡವರ ಪಾಡು ನೋಡಿದ್ದೇನೆ. ರೇಟಿಂಗ್ ಇದೆ, ಪ್ರಯಾಣಿಕರನ್ನು ಹೊತ್ತು ಹಾರಿದ ಒಂದು ಗಂಟೆಯೂ ಇಲ್ಲ. ಅದನ್ನು ಜೀವಂತ ಇಡಲು ಮತ್ತೆ ಮತ್ತೆ ಸಿಮ್ಯುಲೇಟರ್‌ಗೆ (ಸಿಮ್) ದುಡ್ಡು. ಕೆಲವರು ಕೊನೆಗೆ ದುಬೈಗೆ ಹೋಗಿ ಅಂಗಡಿ ಲೆಕ್ಕ ಬರೆದರು. ನಾನು ಐಸ್ ಪ್ಲಾಂಟಿನ ಲೆಕ್ಕ ಬರೆದೆ, ಸಂಜೆ ಕಂಕನಾಡಿಯಲ್ಲಿ ಒಂದು ಬಾಡಿಗೆ ರೂಮಿನಲ್ಲಿ ಹುಡುಗರಿಗೆ ನ್ಯಾವಿಗೇಷನ್, ಮೆಟ್ (ಹವಾಮಾನ) ಹೇಳಿಕೊಟ್ಟೆ. ನಾಲ್ಕೈದು ವರ್ಷ ಹೀಗೇ ಹೋಯಿತು. ಅದರ ನಡುವೆ ಜೆಟ್ ಕಂಪನಿಗಳ ಪರೀಕ್ಷೆಗೆ ಹೋಗಿ ವಾಪಸ್ ಬಂದದ್ದೂ ಆಯಿತು.

2017ರಲ್ಲಿ ಸರ್ಕಾರದ ಉಡಾನ್ ಯೋಜನೆ ಶುರುವಾಯಿತು. ಸಣ್ಣ ಊರುಗಳಿಗೆ ಎಟಿಆರ್ ಹಾರತೊಡಗಿದವು, ನನಗೂ ಒಂದು ಕಡೆ ಸೀಟು ಸಿಕ್ಕಿತು. ರೇಟಿಂಗ್ ಖರ್ಚು ಕಂಪನಿಯದು, ಬದಲಿಗೆ ಬಾಂಡ್. ಸಂಬಳ ಹೇಳಿಕೊಳ್ಳುವ ಹಾಗಿರಲಿಲ್ಲ, ಬಡ್ಡಿ ಕಟ್ಟಿದ ಮೇಲೆ ಬಾಡಿಗೆಗೆ ಸರಿಹೋಗುತ್ತಿತ್ತು.

ಸಾವಿರ ಚಿಲ್ಲರೆ ಗಂಟೆ ಆದಾಗ ನಾನೂ ಎಲ್ಲರ ಹಾಗೆ ಜೆಟ್‌ಗೆ ಹಾರಲು ನೋಡಿದೆ. ಸಿಮ್ ಸ್ಕ್ರೀನಿಂಗ್‌ನಲ್ಲಿ ಫೇಲ್. ಎಟಿಆರ್‌ನಲ್ಲಿ ಪವರ್ ಲಿವರ್ ಹಿಂದೆ ಎಳೆದರೆ ಪ್ರೊಪೆಲ್ಲರ್‌ಗಳೇ ಬ್ರೇಕ್ ಹಾಕುತ್ತವೆ. ಕೊನೆಯ ಐದು ಮೈಲಿಯವರೆಗೂ ವೇಗವಾಗಿ ಬಂದು ನಿಧಾನ ಮಾಡಬಹುದು. ಜೆಟ್ ಹಾಗಲ್ಲ, ಚಾರ್ಮಾಡಿ ಘಾಟಿಯಲ್ಲಿ ಬಸ್ಸನ್ನು ನ್ಯೂಟ್ರಲ್‌ಗೆ ಬಿಟ್ಟ ಹಾಗೆ. ಇಳಿಯಬೇಕೋ ವೇಗ ಇಳಿಸಬೇಕೋ, ಎರಡರಲ್ಲಿ ಒಂದು. ನಾನು ಎರಡನ್ನೂ ಕೇಳಿದೆ, ಅದು ಕೊಡಲಿಲ್ಲ. ಸಾವಿರ ಅಡಿಗೆ ಬಂದಾಗಲೂ ವೇಗ ಜಾಸ್ತಿ, ಇಳಿಸದೆ ಮತ್ತೆ ಮೇಲೇರಿಸಿ ಗೋ ಅರೌಂಡ್ ಮಾಡಿದೆ, ಮನೆಗೆ ಬಂದೆ.

ಸ್ವಲ್ಪ ದಿನದಲ್ಲೇ ಕೋವಿಡ್. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ವಿಮಾನಗಳೆಲ್ಲ ನಿಂತವು. ನನ್ನ ಸಂಬಳ ಅರ್ಧಕ್ಕೆ ಬಂತು. ಆದರೆ ಹೊಸದಾಗಿ ಜೆಟ್‌ಗೆ ಹಾರಿದ್ದ ಗೆಳೆಯರು ಸೀನಿಯಾರಿಟಿ ಪಟ್ಟಿಯ ತಳದಲ್ಲಿದ್ದರು. ಅವರಲ್ಲಿ ಕೆಲವರಿಗೆ ಸಂಬಳವಿಲ್ಲದ ರಜೆ. ಆ ತಿಂಗಳುಗಳಲ್ಲೇ ತೀರ್ಮಾನ ಮಾಡಿದೆ: ಮೊದಲು ಇಲ್ಲೇ ಎಡ ಸೀಟು.

ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಎಟಿಪಿಎಲ್. ಅದರ 1500 ಗಂಟೆ ಎಲ್ಲರಿಗೂ ತುಂಬುತ್ತದೆ. ತುಂಬದೇ ಇರುವುದು 100 ಗಂಟೆಯ ರಾತ್ರಿ ಹಾರಾಟ. ಉಡಾನ್ ಊರುಗಳಲ್ಲಿ ಎಷ್ಟೋ ಕಡೆ ರಾತ್ರಿ ಇಳಿಯುವ ವ್ಯವಸ್ಥೆಯೇ ಇರಲಿಲ್ಲ. ದಿನಕ್ಕೆ ಐದಾರು ಸೆಕ್ಟರ್ (ಒಂದು ಊರಿನಿಂದ ಇನ್ನೊಂದಕ್ಕೆ ಒಂದು ಹಾರಾಟ) ಹಾರಿದರೂ ಲಾಗ್‌ಬುಕ್ಕಿನ ರಾತ್ರಿ ಕಾಲಂ ಖಾಲಿ. ನಮ್ಮ ನಿಯಮದಲ್ಲಿ ಸೂರ್ಯ ಮುಳುಗಿ 20 ನಿಮಿಷ ಆದಮೇಲೆ ರಾತ್ರಿ. ಮಂಗಳೂರಿನಲ್ಲಿ ಡಿಸೆಂಬರಿನಲ್ಲಿ ಆರು ಗಂಟೆ ದಾಟಿದ ಕೂಡಲೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಏಳರ ಹತ್ತಿರ. ಅಂದರೆ ಅದೇ ಸಂಜೆಯ ಫ್ಲೈಟು ಚಳಿಗಾಲದಲ್ಲಿ ಮುಕ್ಕಾಲು ಗಂಟೆ ರಾತ್ರಿ ಕೊಡುತ್ತದೆ, ಮಳೆಗಾಲದಲ್ಲಿ ಬಹುತೇಕ ಸೊನ್ನೆ. ನವೆಂಬರಿನಿಂದ ಫೆಬ್ರವರಿವರೆಗೆ ದಿನದ ಕೊನೆಯ ಸೆಕ್ಟರ್‌ಗಳನ್ನು ಹಿಡಿದೆ, ಬದಲಿಗೆ ನನ್ನ ದೀಪಾವಳಿ, ಭಾನುವಾರ ಎಲ್ಲ ಬಿಟ್ಟುಕೊಟ್ಟೆ. ಜೊತೆಯವರು ನಕ್ಕರು. ಎರಡು ಚಳಿಗಾಲದಲ್ಲಿ ಲೆಕ್ಕ ತುಂಬಿತು. ರೋಸ್ಟರ್‌ನವರಿಗೆ ಇದನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಆ ಬಾಗಿಲು ಮುಚ್ಚುತ್ತದೆ. ಎಟಿಪಿಎಲ್ ಪರೀಕ್ಷೆಯ ರೇಡಿಯೋ ಏಡ್ಸ್ ಪೇಪರ್ ಒಂದೇ ಸಲಕ್ಕೆ ಆಗಲಿಲ್ಲ, ಅದರ ಕಥೆ ಬೇಡ.

ಕಮಾಂಡ್ ಸಿಕ್ಕಿತು. ಮಂಗಳೂರಿನ ಬಜ್ಪೆ ನಿಲ್ದಾಣದಂಥ ಕ್ರಿಟಿಕಲ್ ಏರ್‌ಫೀಲ್ಡ್‌ನಲ್ಲಿ (ಇಳಿಸುವುದು ಕಷ್ಟ ಅಂತ ಗುರುತಿಸಿದ ಕಡೆ) ಲ್ಯಾಂಡಿಂಗ್ ಕ್ಯಾಪ್ಟನ್‌ನದ್ದು, ಕೋ-ಪೈಲಟ್ ಕೈಗೆ ಕೊಡುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಮನೆಯ ಹೆಂಚು ಕಾಣುವಷ್ಟು ಹತ್ತಿರ ಬಂದರೂ ನಮ್ಮೂರಿನ ಆ 2450 ಮೀಟರ್ ರನ್‌ವೇಯನ್ನು ನಾನು ಮುಟ್ಟಿಸಿರಲಿಲ್ಲ. ಎಡ ಸೀಟಿಗೆ ಬಂದ ಮೇಲೆ ಅದೇ ದಿನದ ಕೆಲಸವಾಯಿತು. ಆಷಾಢದಲ್ಲಿ ಬಜ್ಪೆಗೆ ಇಳಿಸಿದವನಿಗೆ ಇಂಟರ್‌ವ್ಯೂನಲ್ಲಿ ಅಡ್ಡಗಾಳಿ ಬಗ್ಗೆ ಕೇಳಿದರೆ ಮಾತಿಗೆ ಬರವಿಲ್ಲ.

ಆಗ ಒಂದು ಹುಚ್ಚೂ ಹತ್ತಿತ್ತು. ಒಂದು ಇಡೀ ಮಳೆಗಾಲ ಬಜ್ಪೆಯ ಮೆಟಾರ್, ಅಂದರೆ ನಿಲ್ದಾಣದ ಹವಾಮಾನ ವರದಿಯನ್ನು, ಡ್ಯೂಟಿ ಇಲ್ಲದ ದಿನವೂ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಪಕ್ಕದಲ್ಲಿ ನನ್ನ ಊಹೆ: ಮುಂದಿನ ಅರ್ಧ ಗಂಟೆಯಲ್ಲಿ ವಿಸಿಬಿಲಿಟಿ ಬೀಳುತ್ತದೋ ಇಲ್ಲವೋ. ನನ್ನ ಊಹೆ ನಾಣ್ಯ ಚಿಮ್ಮಿದ್ದಕ್ಕಿಂತ ಹೆಚ್ಚೇನೂ ಚೆನ್ನಾಗಿರಲಿಲ್ಲ. ಆದರೆ ಒಂದು ತಿಳಿಯಿತು. ಸಮುದ್ರದ ಕಡೆಯಿಂದ ನುಗ್ಗಿ ಬರುವ ಜೋರು ಮಳೆ ಹೆಚ್ಚಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ದಾಟುತ್ತದೆ. ಅಷ್ಟು ಹೊತ್ತು ಸುತ್ತಲು ಇಂಧನ ಇಟ್ಟುಕೊಂಡವನು ಬೆಂಗಳೂರಿಗೆ ತಿರುಗುವುದು ಕಡಿಮೆ.

ಇನ್ನು ಬಿಡುವ ಕಥೆ. 2017ರ ನಿಯಮದಂತೆ ಕ್ಯಾಪ್ಟನ್‌ಗೆ ಒಂದು ವರ್ಷ ನೋಟಿಸ್, ಕೋ-ಪೈಲಟ್‌ಗೆ ಆರು ತಿಂಗಳು. ಎಡ ಸೀಟಿಗೆ ಬಂದದ್ದಕ್ಕೆ ಇದೇ ದಂಡ. ಒಂದು ವರ್ಷ ಕಾಯುತ್ತೇವೆ ಅನ್ನುವ ಕಂಪನಿ ಯಾವುದಿದೆ? ಕೈಗೆ ಬಂದ ಒಂದು ಆಫರ್ ಹಾಗೇ ಹೋಯಿತು. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನ ಕೊಳ್ಳುವ ಸುದ್ದಿ ಕೊಟ್ಟಿತು. ಇಷ್ಟು ವಿಮಾನಕ್ಕೆ ಒಂದು ವರ್ಷದಲ್ಲಿ ಜನ ಬೇಕೇ ಬೇಕು ಅಂದುಕೊಂಡು, ಕೈಯಲ್ಲಿ ಏನೂ ಇಲ್ಲದೆ ನೋಟಿಸ್ ಕೊಟ್ಟೆ. ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ಎ320 ರೇಟಿಂಗ್ ಇದ್ದ ಪೈಲಟ್‌ಗಳೆಲ್ಲ ಒಮ್ಮೆಗೇ ಮಾರುಕಟ್ಟೆಗೆ ಬಂದರು. ವಾಟ್ಸಾಪ್ ಗುಂಪಿನಲ್ಲಿ ನನಗೆ ಸಂತಾಪ ಸೂಚಿಸಿದರು. ಜೂನ್‌ನಲ್ಲಿ ಇಂಡಿಗೋ 500 ವಿಮಾನ ಆರ್ಡರ್ ಮಾಡಿದಾಗ ಸ್ವಲ್ಪ ಉಸಿರು ಬಂತು.

ನೋಟಿಸ್ ಮುಗಿಯುವ ಹೊತ್ತಿಗೆ ಕೆಲಸ ಸಿಕ್ಕಿತು, ಆದರೆ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್ ಆಗಿ. ಭುಜದ ಪಟ್ಟಿ ನಾಲ್ಕರಿಂದ ಮೂರಕ್ಕೆ. ತಿಂಗಳ ಸಂಬಳ ಮೂರೂವರೆ ಲಕ್ಷದ ಆಸುಪಾಸಿನಿಂದ ಎರಡಕ್ಕೆ. ಮದುವೆ ಮನೆಯಲ್ಲಿ ದೊಡ್ಡಪ್ಪ ನಾಲ್ಕು ಜನರ ಎದುರೇ "ಏನು ತಪ್ಪು ಮಾಡಿದೆ?" ಅಂತ ಕೇಳಿದರು. ಹೆಂಡತಿಗೆ ಮಾತ್ರ ಮೊದಲೇ ಕಾಗದದ ಮೇಲೆ ಲೆಕ್ಕ ತೋರಿಸಿದ್ದೆ: ಒಂದೂವರೆ ವರ್ಷಕ್ಕೆ ಸುಮಾರು ಇಪ್ಪತ್ತೇಳು ಲಕ್ಷ ನಷ್ಟ. ಕಮಾಂಡ್ ಬಂದರೆ ವರ್ಷದೊಳಗೆ ವಾಪಸ್. ಬರದಿದ್ದರೆ ಅನ್ನುವುದಕ್ಕೆ ಉತ್ತರ ಇರಲಿಲ್ಲ, ಅವಳೂ ಕೇಳಲಿಲ್ಲ.

ಎಟಿಆರ್‌ನಿಂದ ಏರ್‌ಬಸ್‌ಗೆ ಬದಲಾಗುವ ಕನ್ವರ್ಷನ್ ತರಬೇತಿಯಲ್ಲಿ ಕೈ ಮೊದಲು ಕೈಕೊಟ್ಟಿತು. ಎಟಿಆರ್‌ನಲ್ಲಿ ಪವರ್ ತಾನಾಗಿ ಹೊಂದಿಸುವ ಆಟೋಥ್ರಾಟಲ್ ಇಲ್ಲ, ಕೈ ಯಾವಾಗಲೂ ಲಿವರ್ ಮೇಲೆ, ಆಡುತ್ತಲೇ ಇರುತ್ತದೆ. ಏರ್‌ಬಸ್‌ನಲ್ಲಿ ಲಿವರ್ ಕ್ಲೈಂಬ್ ಡಿಟೆಂಟ್ ಎಂಬ ಗುರುತಿನ ಜಾಗದಲ್ಲಿ ಸುಮ್ನೆ ಕೂತಿರಬೇಕು. ಅಲ್ಲಿಂದ ಸರಿಸಿದರೆ ಎದುರಿಗೆ 'ಲಿವರ್ ಕ್ಲೈಂಬ್' ಮಿನುಗುತ್ತದೆ. ಇನ್‌ಸ್ಟ್ರಕ್ಟರ್ ಕೊನೆಗೆ "ಕೈ ತೊಡೆ ಮೇಲೆ ಇಟ್ಟುಕೊಳ್ಳಿ ಕ್ಯಾಪ್ಟನ್" ಅಂದರು. ಆದರೆ ಸಿಮ್‌ನಲ್ಲಿ ಒಂದು ಎಂಜಿನ್ ಫೇಲ್ ಮಾಡಿದಾಗ ನನ್ನ ಕಾಲು ಹೇಳಿಸಿಕೊಳ್ಳಲಿಲ್ಲ. ಪವರ್ ಬದಲಿಸಿದಾಗಲೆಲ್ಲ ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಕೇಳುವ ವಿಮಾನದಿಂದ ಬಂದವನು ನಾನು. ವಿಮಾನ ಎಷ್ಟು ಓರೆ ಅಂತ ತೋರಿಸುವ ನೀಲಿ ಬೀಟಾ ಟಾರ್ಗೆಟ್ ಪರದೆ ಮೇಲೆ ಬಂದ ತಕ್ಷಣ ಮಧ್ಯಕ್ಕೆ ತಂದು ಕೂರಿಸಿದೆ. ನೇರ ಜೆಟ್‌ಗೆ ಬಂದ ಹುಡುಗರು ಅಲ್ಲೇ ಒದ್ದಾಡಿದರು. ಮೊದಲು ಫೇಲ್ ಮಾಡಿಸಿದ್ದ ಇಳಿಯುವ ಲೆಕ್ಕಕ್ಕೆ ನನ್ನದೇ ಒಂದು ಟೇಬಲ್ ಮಾಡಿಕೊಂಡಿದ್ದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಮೂರು ಮೈಲಿ ದೂರ ಅನ್ನುವುದು ಎಲ್ಲರಿಗೂ ಗೊತ್ತು, ಅದಕ್ಕೆ ಗಾಳಿ ಸೇರಿಸುವ ನನ್ನ ಕ್ರಮ ನನ್ನ ಹತ್ತಿರವೇ ಇರಲಿ.

ಕಮಾಂಡ್ ಟ್ರೈನಿಂಗ್ ಬಂದಾಗ ವಿಮಾನ ತಿರುಗಿಸುವ ಸೈಡ್‌ಸ್ಟಿಕ್ ಎಡಗೈಗೆ. ಎಡಗೈ ಪಳಗಿಸಲು ಮನೆಯಲ್ಲಿ ಹಲ್ಲುಜ್ಜುವುದು, ನೀರುದೋಸೆ ಹೊಯ್ಯುವುದು ಎಲ್ಲ ಎಡಗೈಯಲ್ಲಿ ಮಾಡಿ ನೋಡಿದೆ. ಊಟಕ್ಕೆ ಅಮ್ಮ ಬಿಡಲಿಲ್ಲ. ಇದರಿಂದ ಉಪಯೋಗ ಆಯಿತೋ ಗೊತ್ತಿಲ್ಲ, ದೋಸೆ ಮಾತ್ರ ಕೆಟ್ಟಿತು. ಸಿಮ್‌ನಲ್ಲಿ ಎರಡು ಸೆಷನ್ ಕಳೆದ ಮೇಲೆ ಕೈ ತಾನಾಗಿ ಹೊಂದಿಕೊಂಡಿತು.

ಮುಚ್ಚುಮರೆ ಇಲ್ಲ, ಸಾವಿರ ಗಂಟೆಗೆ ಹಾರಿದ ಬ್ಯಾಚ್‌ಮೇಟ್‌ಗಳಲ್ಲಿ ಒಂದಿಬ್ಬರು ನನಗಿಂತ ಮೊದಲೇ ಎ320 ಕ್ಯಾಪ್ಟನ್ ಆದರು. ಆದರೆ ನನ್ನ ಜೊತೆ ಸೇರಿದ ಕೋ-ಪೈಲಟ್‌ಗಳು ಇನ್ನೂ ಬಲ ಸೀಟಿನಲ್ಲೇ ಇದ್ದಾರೆ. ಕಮಾಂಡ್‌ಗೆ ಆರಿಸುವ ಬೋರ್ಡಿನವರು ನನ್ನ ಫೈಲಿನಲ್ಲಿ ಮೊದಲು ನೋಡಿದ್ದು ಎಟಿಆರ್ ಕಮಾಂಡ್ ಗಂಟೆಗಳನ್ನೇ. ಕೇಳಿದ್ದೂ ಅದನ್ನೇ: ಹವಾಮಾನ ಕೆಟ್ಟಾಗ ಯಾವ ತೀರ್ಮಾನ, ಯಾಕೆ, ಎಷ್ಟು ಇಂಧನ ಇತ್ತು. ನೋಟ್‌ಬುಕ್ಕೂ ಸ್ವಲ್ಪ ಕೆಲಸಕ್ಕೆ ಬಂತು.

ಈಗ ಸಂಬಳ ಆರು ಲಕ್ಷದ ಹತ್ತಿರ. ತೋಟದ ಸಾಲ ಇನ್ನೊಂದು ವರ್ಷದ್ದು. ಮಾವ ಆಗಲೇ "ಗಲ್ಫ್ ಕಂಪನಿಗೆ ಯಾವಾಗ? ದೊಡ್ಡ ವಿಮಾನ ಯಾವಾಗ?" ಅಂತ ಶುರು ಮಾಡಿದ್ದಾರೆ. ಅದಕ್ಕೆ ಜೆಟ್ ಕಮಾಂಡ್ ಗಂಟೆ ಬೇಕು ಮಾವ, ಮತ್ತೆ ಇನ್ನೊಂದು ವರ್ಷ ನೋಟಿಸ್ ಅಂದೆ. ಅವರು ಬೆರಳು ಮಡಚಿ ಎಣಿಸುತ್ತಿದ್ದಾರೆ.