ಸಂಗಾತಿಗೆ ಕ್ಯಾನ್ಸರ್ ಮಾತ್ರೆ ಶುರುವಾದಾಗ: ಮನೆಯಲ್ಲಿ ಮಾಡಬೇಕಾದ ಕೆಲಸಗಳು

‘ಕೀಮೋ ಬೇಡವಂತೆ, ದಿನಕ್ಕೊಂದು ಮಾತ್ರೆ ಸಾಕಂತೆ.’ ವೈದ್ಯರ ಕೊಠಡಿಯಿಂದ ಹೊರಬಂದು ಹೀಗೆ ಹೇಳುವವರ ಮುಖದಲ್ಲಿ ದೊಡ್ಡ ನೆಮ್ಮದಿ ಇರುತ್ತದೆ. ಆ ನೆಮ್ಮದಿಗೆ ಕಾರಣವೂ ಇದೆ. ಟಾರ್ಗೆಟೆಡ್ ಥೆರಪಿ ಎಂದು ಕರೆಯುವ ಈ ಔಷಧಗಳು ಹಲವು ಬಗೆಯ ಕ್ಯಾನ್ಸರ್‌ಗಳ ಗತಿಯನ್ನೇ ಬದಲಿಸಿವೆ. ಆದರೆ ಕೀಮೋ ಕೊಡುವ ವಾರ್ಡಿನಲ್ಲಿ ನರ್ಸ್ ಇರುತ್ತಾರೆ. ರಕ್ತದೊತ್ತಡ ನೋಡುತ್ತಾರೆ, ‘ಏನಾದರೂ ತೊಂದರೆ ಇದೆಯೇ’ ಎಂದು ವಿಚಾರಿಸುತ್ತಾರೆ. ಚಿಕಿತ್ಸೆ ಮಾತ್ರೆಯ ರೂಪದಲ್ಲಿ ಮನೆಗೆ ಬಂದಾಗ ನರ್ಸ್ ಮಾಡುತ್ತಿದ್ದ ಕೆಲಸವೂ ಅದರ ಜೊತೆಯಲ್ಲೇ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಗಂಡನ ಅಥವಾ ಹೆಂಡತಿಯ ಪಾಲಿಗೆ ಬೀಳುತ್ತದೆ. ಆ ಕೆಲಸವನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಔಷಧ ಕೆಲಸ ಮಾಡುವ ಬಗೆ ಸ್ವಲ್ಪ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಕೆಲವು ಕ್ಯಾನ್ಸರ್ ಕೋಶಗಳು ಕೆಟ್ಟುಹೋದ ಒಂದು ಪ್ರೋಟೀನಿನಿಂದ ‘ಬೆಳೆ, ಬೆಳೆ’ ಎಂಬ ಸಂಕೇತವನ್ನು ಸದಾ ಪಡೆಯುತ್ತಿರುತ್ತವೆ. ಮಾತ್ರೆ ಆ ಸಂಕೇತವನ್ನು ತಡೆಯುತ್ತದೆ. ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಬಳಸುವ ಇಮ್ಯಾಟಿನಿಬ್‌ಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಶ್ವಾಸಕೋಶದ ಕ್ಯಾನ್ಸರ್‌ಗೆ ಗೆಫಿಟಿನಿಬ್, ಓಸಿಮರ್ಟಿನಿಬ್, ಸ್ತನ ಕ್ಯಾನ್ಸರ್‌ಗೆ ಪಾಲ್ಬೋಸಿಕ್ಲಿಬ್ ಮುಂತಾದವು ನಂತರ ಬಂದವು. ಇವು ತಡೆಯುವ ಪ್ರೋಟೀನುಗಳಲ್ಲಿ ಕೆಲವು ಆರೋಗ್ಯವಂತ ಚರ್ಮದಲ್ಲಿ, ಕರುಳಿನಲ್ಲಿಯೂ ಇರುತ್ತವೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಮಾತ್ರೆ ನುಂಗಿದವರ ಮುಖದಲ್ಲಿ ಗುಳ್ಳೆ ಏಳುವುದು, ಭೇದಿಯಾಗುವುದು ಇದೇ ಕಾರಣಕ್ಕೆ.

ಮೊದಲ ಮಾತ್ರೆಗೆ ಮುನ್ನ

ಮನೆಯಲ್ಲಿ ಸಂಗಾತಿ ನುಂಗುವ ಪ್ರತಿಯೊಂದನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಕ್ಯಾನ್ಸರ್ ತಜ್ಞರ ಮೇಜಿನ ಮೇಲೆ ಇಡಿ. ಬಿಪಿ, ಶುಗರ್ ಮಾತ್ರೆ, ವಿಟಮಿನ್, ಆಯುರ್ವೇದದ ಲೇಹ್ಯ, ಕಷಾಯದ ಪುಡಿ, ಎಲ್ಲವೂ ಅದರಲ್ಲಿರಲಿ. ಬಾಯಲ್ಲಿ ಹೇಳುತ್ತೇವೆ ಎಂದುಕೊಂಡರೆ ಅರ್ಧ ಮರೆತುಹೋಗುತ್ತದೆ.

ಹೀಗೆ ಮರೆತುಹೋಗುವುದರಲ್ಲಿ ಮೊದಲನೆಯದು ಗ್ಯಾಸ್ ಮಾತ್ರೆ. ಬೆಳಿಗ್ಗೆ ಎದ್ದ ಕೂಡಲೇ ಪ್ಯಾಂಟೊಪ್ರಜೋಲ್ ನುಂಗುವುದು ನಮ್ಮ ಊರಿನಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ಔಷಧ ಎಂದು ಯಾರೂ ಎಣಿಸುವುದೇ ಇಲ್ಲ. ಗೆಫಿಟಿನಿಬ್, ಎರ್ಲೋಟಿನಿಬ್, ಡಾಸಾಟಿನಿಬ್‌ನಂತಹ ಔಷಧಗಳು ಕರಗಿ ರಕ್ತಕ್ಕೆ ಸೇರಲು ಹೊಟ್ಟೆಯ ಆಮ್ಲ ಬೇಕು. ಆಮ್ಲವನ್ನು ತಗ್ಗಿಸಿದರೆ ಸಾವಿರಾರು ರೂಪಾಯಿಯ ಮಾತ್ರೆ ಪೂರ್ತಿ ಕೆಲಸ ಮಾಡದೆ ಹೊರಗೆ ಹೋಗುತ್ತದೆ.

ಎರಡನೆಯದು ಹಣ್ಣು. ಈ ಔಷಧಗಳ ಚೀಟಿಗಳಲ್ಲಿ ‘ಗ್ರೇಪ್‌ಫ್ರೂಟ್ ಬೇಡ’ ಎಂಬ ಎಚ್ಚರಿಕೆ ಆಗಾಗ ಇರುತ್ತದೆ. ನಾವು ಅದನ್ನು ತಿನ್ನುವವರಲ್ಲ ಎಂದು ಚೀಟಿ ಮಡಚಿಡಬೇಡಿ. ನಮ್ಮ ಚಕ್ಕೋತ ಅದರ ಹತ್ತಿರದ ಬಂಧು. ಕರುಳಿನಲ್ಲಿ ಔಷಧವನ್ನು ಒಡೆಯುವ ಕೆಲಸಕ್ಕೆ ಅಡ್ಡಿಪಡಿಸುವ ರಾಸಾಯನಿಕಗಳು ಅದರಲ್ಲಿಯೂ ಇರುತ್ತವೆ. ಆಗ ರಕ್ತದಲ್ಲಿ ಔಷಧ ಬೇಕಾದುದಕ್ಕಿಂತ ಹೆಚ್ಚಾಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಾಗಿರಲಿ, ವೈದ್ಯರು ಒಪ್ಪುವ ತನಕ ಅದು ಬೇಡ. ಹೇರಳೆಕಾಯಿ ಚಿತ್ರಾನ್ನದ ಅಭ್ಯಾಸವಿದ್ದರೆ ಅದನ್ನೂ ಕೇಳಿ ತಿಳಿದುಕೊಳ್ಳಿ.

ಮೂರನೆಯದು ಕಷಾಯ. ‘ಅಡ್ಡ ಪರಿಣಾಮವಿಲ್ಲದ್ದು’ ಎಂದು ಕೊಟ್ಟುಹೋಗುವವರ ಪ್ರೀತಿಯ ಬಗ್ಗೆ ಅನುಮಾನ ಬೇಡ. ಆದರೆ ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಹೊಸ ಮಾತ್ರೆಯ ಭಾರವನ್ನೂ ಅದೇ ಯಕೃತ್ತು ಹೊರಬೇಕು. ಮುಂದೆ ಲಿವರ್ ಪರೀಕ್ಷೆಯಲ್ಲಿ ಏರುಪೇರು ಕಂಡರೆ ಕಾರಣ ಮಾತ್ರೆಯೋ ಕಷಾಯವೋ ಎಂದು ಗೊತ್ತಾಗದೆ, ಒಳ್ಳೆಯ ಔಷಧವನ್ನು ನಿಲ್ಲಿಸಬೇಕಾದ ಸ್ಥಿತಿ ಬರಬಹುದು.

ಮಕ್ಕಳನ್ನು ಪಡೆಯುವ ವಯಸ್ಸಿನ ದಂಪತಿ ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಕೇಳಬೇಕು. ಈ ಔಷಧಗಳಲ್ಲಿ ಬಹಳಷ್ಟು ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ. ಮಾತ್ರೆ ತೆಗೆದುಕೊಳ್ಳುವವರು ಗಂಡನಾಗಿರಲಿ, ಹೆಂಡತಿಯಾಗಿರಲಿ, ಗರ್ಭನಿರೋಧಕ ಯಾವುದು, ಎಷ್ಟು ಕಾಲ ಎಂಬುದನ್ನು ಆರಂಭದಲ್ಲೇ ತಿಳಿದುಕೊಳ್ಳಿ.

ಹಣದ ದಾರಿ

ವೈದ್ಯರು ಔಷಧದ ಹೆಸರು ಬರೆದ ದಿನವೇ ‘ಇದರ ಜೆನೆರಿಕ್, ಅಂದರೆ ಬೇರೆ ಕಂಪನಿ ತಯಾರಿಸುವ ಇದೇ ಔಷಧದ ಅಗ್ಗದ ರೂಪ, ಇದೆಯೇ’ ಎಂದು ಕೇಳಿ. ಇಮ್ಯಾಟಿನಿಬ್‌ನ ಪೇಟೆಂಟ್ ಕೋರಿಕೆಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಭಾರತೀಯ ಕಂಪನಿಗಳ ಅಗ್ಗದ ಮಾತ್ರೆ ಉಳಿಯಿತು. ಪಾಲ್ಬೋಸಿಕ್ಲಿಬ್‌ನ ಪೇಟೆಂಟ್ 2023ರ ಜನವರಿಯಲ್ಲಿ ಮುಗಿದು, ಅದರ ಜೆನೆರಿಕ್‌ಗಳೂ ಬಂದಿವೆ. ಓಸಿಮರ್ಟಿನಿಬ್ ಮೇಲಿನ ಆಮದು ಸುಂಕವನ್ನು 2024ರ ಜುಲೈ ಬಜೆಟ್‌ನಲ್ಲಿ ತೆಗೆದುಹಾಕಲಾಯಿತು. ದುಬಾರಿ ಔಷಧಗಳಿಗೆ ಕಂಪನಿಗಳೇ ನಡೆಸುವ ರೋಗಿ ಸಹಾಯ ಯೋಜನೆಗಳಿರುತ್ತವೆ: ಇಂತಿಷ್ಟು ತಿಂಗಳು ಕೊಂಡರೆ ಮುಂದಿನದು ಉಚಿತ. ಇವುಗಳ ಅರ್ಜಿಗೆ ವೈದ್ಯರ ಸಹಿ ಬೇಕಾಗುವುದರಿಂದ ಮೊದಲ ಡಬ್ಬಿ ಕೊಳ್ಳುವ ಮೊದಲೇ ವಿಚಾರಿಸಬೇಕು.

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಮಾತ್ರೆ ಅದರ ಪಟ್ಟಿಯಲ್ಲಿದೆಯೇ ಎಂಬುದನ್ನು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯ ಮಿತ್ರರನ್ನು ಕೇಳಿ. 1973ರಲ್ಲಿ ಆರಂಭವಾದ, ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಹೋಗುವವರು ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ವರದಿಗಳ ಎರಡೆರಡು ಪ್ರತಿ ಇಟ್ಟುಕೊಂಡರೆ ಜೆರಾಕ್ಸ್ ಅಂಗಡಿಗೆ ಓಡಾಡುವುದು ತಪ್ಪುತ್ತದೆ. ಖಾಸಗಿ ವಿಮೆ ಇದ್ದರೆ, ವಿಮೆಗೆ ಒಳಪಡಬೇಕಾದ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಬಾಯಿ ಮೂಲಕ ಕೊಡುವ ಕೀಮೋಥೆರಪಿಯನ್ನು ಸೇರಿಸಿದೆ. ನಿಮ್ಮ ಮಾತ್ರೆ ಅದರಡಿ ಬರುತ್ತದೆಯೇ, ಮಿತಿ ಎಷ್ಟು ಎಂಬುದಕ್ಕೆ ಕಂಪನಿಯಿಂದ ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ಹೊತ್ತು ಮತ್ತು ಹೊಟ್ಟೆ

ಮಾತ್ರೆಗೂ ಊಟಕ್ಕೂ ಇರುವ ಸಂಬಂಧ ಒಂದೊಂದು ಔಷಧಕ್ಕೆ ಒಂದೊಂದು ರೀತಿ. ಇಮ್ಯಾಟಿನಿಬ್ ಅನ್ನು ಊಟದ ಜೊತೆ, ದೊಡ್ಡ ಲೋಟ ನೀರು ಕುಡಿದು ನುಂಗಬೇಕು. ಎರ್ಲೋಟಿನಿಬ್ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ನಿಲೋಟಿನಿಬ್‌ಗೆ ಎರಡು ಗಂಟೆ ಮೊದಲು, ಒಂದು ಗಂಟೆ ನಂತರ ಏನನ್ನೂ ತಿನ್ನಬಾರದು; ತಿಂದರೆ ರಕ್ತದಲ್ಲಿ ಔಷಧ ಹೆಚ್ಚಾಗಿ ಹೃದಯದ ಬಡಿತಕ್ಕೇ ತೊಂದರೆಯಾಗಬಹುದು. ಓಸಿಮರ್ಟಿನಿಬ್‌ಗೆ ಇಂತಹ ಕಟ್ಟುಪಾಡಿಲ್ಲ. ಖಾಲಿ ಹೊಟ್ಟೆ ಎಂದರೆ ಖಾಲಿ ಹೊಟ್ಟೆಯೇ: ಬೆಳಗಿನ ಆರು ಗಂಟೆಯ ಹಾಲು ಹಾಕಿದ ಫಿಲ್ಟರ್ ಕಾಫಿಯೂ ಆಹಾರ. ಊಟದ ಜೊತೆ ನುಂಗಬೇಕಾದವರು ಏಕಾದಶಿ, ರಂಜಾನ್ ಉಪವಾಸಗಳ ಬಗ್ಗೆ ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳಲಿ.

ಹೊತ್ತು ತಪ್ಪಿದರೆ ಮರುದಿನ ಎರಡು ನುಂಗುವಂತಿಲ್ಲ. ವಾಂತಿಯಾದರೆ ಇನ್ನೊಂದು ಕೊಡಬೇಡಿ; ಫೋನ್ ಮಾಡಿ ಕೇಳಿ. ಮಾತ್ರೆಯನ್ನು ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಸೇರಿಸುವುದು ಬೇಡ. ಪಾಲ್ಬೋಸಿಕ್ಲಿಬ್‌ನಂತಹವನ್ನು 21 ದಿನ ತೆಗೆದುಕೊಂಡು 7 ದಿನ ಬಿಡಬೇಕು. ಆ ಬಿಡುವಿನ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಡಬ್ಬಿಯಲ್ಲಿ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದಕ್ಕೆ ಹೇಳಿಡಿ, ಎಲ್ಲ ಮೆಡಿಕಲ್ ಶಾಪ್‌ಗಳಲ್ಲಿ ಇವು ಸಿಗುವುದಿಲ್ಲ.

ಮೊದಲ ತಿಂಗಳ ನೋಟ್‌ಬುಕ್

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಒಂದು ನೋಟ್‌ಬುಕ್ ಇಡಿ. ಮಾತ್ರೆ ನುಂಗಿದ ಹೊತ್ತು, ಜ್ವರ, ಎಷ್ಟು ಸಲ ಭೇದಿ, ತೂಕ, ಬಿಪಿ, ಹೊಸದಾಗಿ ಕಂಡ ಏನಾದರೂ. ದಿನಕ್ಕೆ ನಾಲ್ಕು ಸಾಲು ಸಾಕು. ‘ಈಚೆಗೆ ಸ್ವಲ್ಪ ಸುಸ್ತು ಡಾಕ್ಟರೇ’ ಎಂಬ ಮಾತಿನಿಂದ ವೈದ್ಯರಿಗೆ ಏನೂ ಸಿಗುವುದಿಲ್ಲ. ‘ಮಂಗಳವಾರದಿಂದ ದಿನಕ್ಕೆ ಐದು ಸಲ ಭೇದಿ, ತೂಕ ಎರಡು ಕಿಲೋ ಇಳಿದಿದೆ’ ಎಂದರೆ ಅವರು ಅಲ್ಲಿಯೇ ನಿರ್ಧಾರ ತೆಗೆದುಕೊಳ್ಳಬಲ್ಲರು. ಲೆನ್ವಾಟಿನಿಬ್, ಸುನಿಟಿನಿಬ್, ಪಾಜೋಪನಿಬ್ ತೆಗೆದುಕೊಳ್ಳುವವರ ಮನೆಯಲ್ಲಿ ಬಿಪಿ ಯಂತ್ರ ಇರಲೇಬೇಕು, ಏಕೆಂದರೆ ಇವು ರಕ್ತದೊತ್ತಡವನ್ನು ಏರಿಸುತ್ತವೆ, ಏರಿದ್ದು ರೋಗಿಗೆ ತಿಳಿಯುವುದೂ ಇಲ್ಲ.

ಶ್ವಾಸಕೋಶದ ಕ್ಯಾನ್ಸರ್ ಮಾತ್ರೆಗಳಲ್ಲಿ ಕೆಲವು ಮೊದಲ ವಾರಗಳಲ್ಲೇ ಮುಖ, ಎದೆಯ ಮೇಲೆ ಮೊಡವೆಯಂತಹ ಗುಳ್ಳೆ ತರುತ್ತವೆ. ನೋಡಲು ಮೊಡವೆ, ಆದರೆ ಮೊಡವೆಯ ಕ್ರೀಮ್ ಹಚ್ಚಿದರೆ ಚರ್ಮ ಇನ್ನಷ್ಟು ಒಣಗುತ್ತದೆ. ಪರಿಮಳವಿಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್, ಉಗುರುಬೆಚ್ಚಗಿನ ನೀರಿನ ಸ್ನಾನ, ಇಷ್ಟರಿಂದ ಆರಂಭಿಸಿ. ಸೀಗೆಪುಡಿ, ಕಡಲೆಹಿಟ್ಟು ಹಾಕಿ ಉಜ್ಜುವುದು ಸದ್ಯಕ್ಕೆ ನಿಲ್ಲಲಿ. ಗುಳ್ಳೆ ಎದ್ದರೆ ಮಾತ್ರೆ ಒಗ್ಗುತ್ತಿಲ್ಲ ಎಂದು ಅರ್ಥವಲ್ಲ; ಅದಕ್ಕೆ ಚಿಕಿತ್ಸೆಯಿದೆ. ಉಗುರುಸುತ್ತು ಆದಾಗ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವ ಹಳೆಯ ಮದ್ದು ಇಲ್ಲಿ ಬೇಡ, ಒಡೆದ ಚರ್ಮ ಉರಿದುಹೋಗುತ್ತದೆ. ಅಂಗಾಲು, ಅಂಗೈ ಕೆಂಪಾಗಿ ನೋಯುವ ತೊಂದರೆ ಕೆಲವು ಮಾತ್ರೆಗಳಿಂದ ಬರುತ್ತದೆ. ಅಂತಹವರು ನಡು ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕುವುದನ್ನು ಮುಂದೂಡಬೇಕು.

ಭೇದಿ ನಿಲ್ಲಿಸುವ ಮಾತ್ರೆಯನ್ನು ಮೊದಲೇ ಬರೆಸಿಕೊಂಡು, ಯಾವಾಗ, ಎಷ್ಟು ಎಂದು ಡಬ್ಬಿಯ ಮೇಲೆಯೇ ಬರೆದಿಡಿ. ಒಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ.

ಕಾಯದೆ ಫೋನ್ ಮಾಡಬೇಕಾದವು

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದೇ ಹೊತ್ತಿಗೆ ಫೋನ್ ಮಾಡಿ. ಹಣೆ ಮುಟ್ಟಿ ನೋಡಿದರೆ ಸಾಲದು, ಥರ್ಮಾಮೀಟರ್ ಬೇಕು. ಬಿಳಿ ರಕ್ತಕಣ ತಗ್ಗಿರುವಾಗ ಜ್ವರವೊಂದೇ ಸೋಂಕಿನ ಸುಳಿವಾಗಿರಬಹುದು. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನ ತನಕ ಕಾಯುವುದು ತಪ್ಪು. ಹೊಸದಾಗಿ ಶುರುವಾದ ಒಣಕೆಮ್ಮು ಅಥವಾ ಏದುಸಿರು ಇನ್ನೊಂದು. ಬೆಂಗಳೂರಿನಲ್ಲಿ ಎಲ್ಲ ಕೆಮ್ಮನ್ನೂ ಧೂಳಿನ ಮೇಲೆ, ಹವೆಯ ಮೇಲೆ ಹಾಕಿಬಿಡುತ್ತೇವೆ. ಅಪರೂಪವಾದರೂ ಕೆಲವು ಔಷಧಗಳು ಶ್ವಾಸಕೋಶದಲ್ಲಿ ಉರಿಯೂತ ತರುತ್ತವೆ, ಅದು ಪ್ರಾಣಕ್ಕೆ ಅಪಾಯ. ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು, ಎದೆ ಡವಗುಟ್ಟಿ ತಲೆ ಸುತ್ತಿ ಬೀಳುವುದು, ನಿಲ್ಲದ ಭೇದಿ, ರಕ್ತಸ್ರಾವ, ಇವೂ ಕಾಯುವಂತಹವಲ್ಲ.

ರಾತ್ರಿ ಹೊತ್ತು ಮನೆ ಯಲಹಂಕದಲ್ಲಿ, ಆಸ್ಪತ್ರೆ ಹೊಸೂರು ರಸ್ತೆಯಲ್ಲಿ ಎಂದಾದರೆ ಹತ್ತಿರದ ಆಸ್ಪತ್ರೆಗೇ ಹೋಗಬೇಕಾಗಬಹುದು. ಅಲ್ಲಿನ ಕಿರಿಯ ವೈದ್ಯರಿಗೆ ಈ ಔಷಧದ ಪರಿಚಯ ಇರಲೇಬೇಕೆಂದಿಲ್ಲ. ಕ್ಯಾನ್ಸರಿನ ಹೆಸರು, ಮಾತ್ರೆಯ ಹೆಸರು, ಪ್ರಮಾಣ, ಶುರುವಾದ ದಿನ, ಇತರ ಔಷಧಗಳು, ತಜ್ಞರ ಫೋನ್, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ, ಮೊಬೈಲಿನಲ್ಲಿಯೂ ಫೋಟೊ ಇಡಿ. ಆಂಬುಲೆನ್ಸಿಗೆ 108.

ಕಾವಲುಗಾರರಾಗಬೇಡಿ

ರೋಗಿಗಳು ತೊಂದರೆಯನ್ನು ಮುಚ್ಚಿಡುತ್ತಾರೆ. ಹೇಳಿದರೆ ಔಷಧದ ಪ್ರಮಾಣ ತಗ್ಗಿಸುತ್ತಾರೆ, ತಗ್ಗಿಸಿದರೆ ಕ್ಯಾನ್ಸರ್ ಮರಳುತ್ತದೆ ಎಂಬ ಭಯ ಒಂದು. ಇಷ್ಟು ಖರ್ಚು ಮಾಡಿ ತಂದದ್ದಕ್ಕೆ ದೂರು ಹೇಳುವುದು ಹೇಗೆ ಎಂಬ ಮುಜುಗರ ಇನ್ನೊಂದು. ಇವೆರಡನ್ನೂ ಗಂಡ ಹೆಂಡತಿ ಮೊದಲ ವಾರದಲ್ಲೇ ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ಪಾಲ್ಬೋಸಿಕ್ಲಿಬ್ 125, 100, 75 ಮಿಲಿಗ್ರಾಂಗಳಲ್ಲಿ, ಓಸಿಮರ್ಟಿನಿಬ್ 80 ಮತ್ತು 40ರಲ್ಲಿ ತಯಾರಾಗುವುದು ಅಗತ್ಯವಿದ್ದಾಗ ಇಳಿಸಲೆಂದೇ. ತಾಳಿಕೊಳ್ಳಬಲ್ಲ ಪ್ರಮಾಣವನ್ನು ತಪ್ಪದೆ ನುಂಗುವುದು, ತಾಳಲಾರದ್ದನ್ನು ಗುಟ್ಟಾಗಿ ಬಿಟ್ಟುಬಿಡುವುದಕ್ಕಿಂತ ಎಷ್ಟೋ ಮೇಲು.

‘ಮಾತ್ರೆ ತೆಗೆದುಕೊಂಡೆಯಾ?’ ಎಂದು ಗಂಟೆಗೊಮ್ಮೆ ಕೇಳಿದರೆ ಮನೆ ಪೊಲೀಸ್ ಠಾಣೆಯಾಗುತ್ತದೆ. ಮೊಬೈಲ್ ಅಲಾರಂ ಕೇಳಲಿ. ನೀವು ‘ಇವತ್ತು ಹೇಗನ್ನಿಸುತ್ತಿದೆ’ ಎಂದು ಕೇಳಿ. ಬಚ್ಚಲಿನಲ್ಲಿ ಹೆಚ್ಚು ಹೊತ್ತು ಇರುವುದು, ತಟ್ಟೆಯಲ್ಲಿ ಅನ್ನ ಉಳಿಯುವುದು, ಚಪ್ಪಲಿ ಹಾಕಲು ಹಿಂಜರಿಯುವುದು, ಇವು ಬಾಯಿಂದ ಬಾರದ ಉತ್ತರಗಳು. ನೆಂಟರಿಗೆ ವಿಷಯ ತಿಳಿಸುವ ಕೆಲಸವನ್ನು ನಾದಿನಿಯೋ ಮೈದುನನೋ ಒಬ್ಬರಿಗೆ ಒಪ್ಪಿಸಿ. ದಿನಕ್ಕೆ ಹತ್ತು ಸಲ ಅದೇ ಕಥೆ ಹೇಳುವುದರಿಂದ ಇಬ್ಬರಿಗೂ ಬಿಡುಗಡೆ ಸಿಗಲಿ.

ನಿಮಗೆ ನಿದ್ದೆ ಬಾರದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಮೊದಲ ಸ್ಕ್ಯಾನ್

ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ಮೊದಲ ಸ್ಕ್ಯಾನ್ ಇರುತ್ತದೆ. ವರದಿ ಮೊಬೈಲಿಗೆ ಬಂದರೆ ಅದನ್ನು ವೈದ್ಯರಿಲ್ಲದೆ ಓದಬೇಕೇ ಬೇಡವೇ ಎಂಬುದನ್ನು ಸಂಗಾತಿಯೇ ನಿರ್ಧರಿಸಲಿ, ನೀವು ಒಬ್ಬರೇ ತೆರೆದು ನೋಡಬೇಡಿ. ಗಡ್ಡೆ ಔಷಧಕ್ಕೆ ಬಗ್ಗದಿದ್ದರೆ ಅಥವಾ ಕಾಲಾನಂತರ ಮತ್ತೆ ಬೆಳೆದರೆ, ಹೊಸ ಬಯಾಪ್ಸಿಯಿಂದಲೋ ರಕ್ತ ಪರೀಕ್ಷೆಯಿಂದಲೋ ಹೊಸ ಜೀನ್ ಬದಲಾವಣೆ ಹುಡುಕಿ ಬೇರೆ ಮಾತ್ರೆಗೆ ಹೋಗುವ ದಾರಿ ಹಲವರಿಗೆ ಇರುತ್ತದೆ. ಆ ಪರೀಕ್ಷೆಗೆ ಹಳೆಯ ಬಯಾಪ್ಸಿಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಬೇಕಾಗಬಹುದು. ಅದು ಯಾವ ಪ್ರಯೋಗಾಲಯದಲ್ಲಿದೆ, ಎಷ್ಟು ವರ್ಷ ಇಟ್ಟಿರುತ್ತಾರೆ ಎಂದು ಈಗಲೇ ಕೇಳಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.